ಫ್ರಿಸ್ಕೋದ ಕರಿಕೆಗೆ ಫೆಬ್ರವರಿಯಲ್ಲೇ ಯೂರಿಯಾ? ನಮ್ಮ ಮನೆ ಗುಂಪಿನ ಜಗಳ

ಅಮೆರಿಕದ ಡಲ್ಲಾಸ್ ಹತ್ತಿರದ ಫ್ರಿಸ್ಕೋದಲ್ಲಿರುವ ಅಣ್ಣನ ಮನೆಯಂಗಳದ ಹುಲ್ಲಿನ ಬಗ್ಗೆ, ಫೆಬ್ರವರಿ ಎರಡನೇ ವಾರ ನಮ್ಮ ಮನೆ ವಾಟ್ಸಾಪ್ ಗುಂಪಿನಲ್ಲಿ ನಡೆದ ಮಾತುಕತೆ ಇದು. ಎಲ್ಲರನ್ನೂ ಕೇಳಿಯೇ ಹಾಕುತ್ತಿದ್ದೇನೆ. ಡಲ್ಲಾಸ್ ಸುತ್ತ ಮನೆ ಮಾಡಿರುವ ಕನ್ನಡದವರು ಬಹಳ ಜನ ಇದ್ದಾರೆ, ಅಕ್ಕ ಹೇಳಿದ್ದು ಅವರಿಗೆ ಬೇಕಾಗುತ್ತದೆ. ಜಗಳದ ಮಾತನ್ನು ತೆಗೆದಿಲ್ಲ, ತೆಗೆದರೆ ಯಾರು ಯಾಕೆ ಏನು ಹೇಳಿದರು ಅನ್ನುವುದೇ ಗೊತ್ತಾಗುವುದಿಲ್ಲ.

ಕಾಕಾ (ನವಲಗುಂದ): [ಫಾರ್ವರ್ಡ್] ಜೇಡಿ ಮಣ್ಣಿನಲ್ಲಿ ಲಾನ್ ಸೊರಗಿದೆಯೇ? ಫೆಬ್ರವರಿಯಲ್ಲೇ ಕೈತುಂಬ ಯೂರಿಯಾ ಎರಚಿ. ಮೇಲೆ ಜಿಪ್ಸಂ ಹಾಕಿ. ನೀರು ಬಿಡಿ. 7 ದಿನದಲ್ಲಿ ಹಸಿರೋ ಹಸಿರು. ಎಲ್ಲರಿಗೂ ಕಳಿಸಿ... ಇನ್ನಷ್ಟು ಓದಿ

ಕಾಕಾ: ಅಮೆರಿಕದವನೇ, ಇದನ್ನು ಓದು. ಹೋದ ವರ್ಷ ಹುಲ್ಲು ಒಣಗಿದೆ ಅಂತ ನಿಮ್ಮ ಕಾಲೊನಿಯವರು ಪತ್ರ ಕೊಟ್ಟಿದ್ದರಲ್ಲ, ಆಗಲೇ ನನ್ನನ್ನು ಕೇಳಬೇಕಿತ್ತು.

ಅಣ್ಣ (ಫ್ರಿಸ್ಕೋ): ಸರಿ ಕಾಕಾ. ಅಂಗಳ ಪೂರ್ತಿ ಕಂದು ಬಣ್ಣಕ್ಕೆ ತಿರುಗಿದೆ. ಇವತ್ತೇ ಅಂಗಡಿಗೆ ಹೋಗಿ ತರುತ್ತೇನೆ.

ಅಕ್ಕ (ಧಾರವಾಡ): ಹೋಗಬೇಡ, ನಿಲ್ಲು. ಇದನ್ನು ಬರೆದವರು ಯಾರು ಕಾಕಾ? ಯಾವ ಊರಿನ ಮಣ್ಣಿಗೆ? ಯಾವ ಹುಲ್ಲಿಗೆ?

ಕಾಕಾ: ಬಂದಳು ನೋಡಿ ಮೂಲ ಕೇಳುವವಳು. ಯಾರು ಬರೆದರೇನವ್ವಾ? ಜಿಪ್ಸಂ ಹಾಕಿದ ಮೇಲೆ ನಮ್ಮ ಕಾಲುವೆ ಪಕ್ಕದ ಹೊಲ ಸುಧಾರಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ. ನಾನೇನು ಪುಸ್ತಕ ಓದಿ ಹೇಳುತ್ತಿಲ್ಲ.

ಅತ್ತೆ (ಹುಬ್ಬಳ್ಳಿ): ಆ ಜಿಪ್ಸಂ ದುಡ್ಡು ನಮ್ಮ ಮನೆಯವರು ಕೊಟ್ಟಿದ್ದು. ಅದನ್ನೂ ಹೇಳು.

ಕಾಕಾ: ಅದು ಬೇರೆ ಲೆಕ್ಕ.

ಅತ್ತೆ: ಯಾವಾಗಲೂ ಬೇರೆ ಲೆಕ್ಕವೇ.

ಅಕ್ಕ: ಕಾಕಾ, ನಿಮ್ಮ ಹೊಲದ್ದು ಸುಳ್ಳು ಅಂತ ನಾನು ಹೇಳಲಿಲ್ಲ. ಮಲಪ್ರಭಾ ಕಾಲುವೆ ನೀರು ಜಾಸ್ತಿ ನಿಂತು ನವಲಗುಂದ, ನರಗುಂದ ಕಡೆ ಭೂಮಿ ಉಪ್ಪಾಗಿ, ಜೌಗಾಗಿ ಸವಳು ಜವಳು ಆಯಿತಲ್ಲ, ಅಂಥ ಕಡೆ ಮಣ್ಣಿನಲ್ಲಿ ಸೋಡಿಯಂ ಕೂತಿರುತ್ತದೆ. ಜಿಪ್ಸಂನ ಕ್ಯಾಲ್ಸಿಯಂ ಅದನ್ನು ಸರಿಸುತ್ತದೆ, ಮೇಲೆ ನೀರು ಬಿಟ್ಟರೆ ತೊಳೆದು ಹೋಗುತ್ತದೆ, ಮಣ್ಣು ಉದುರಾಗುತ್ತದೆ. ಆದರೆ ಡಲ್ಲಾಸ್ ಕಡೆಯ ಕರಿ ಮಣ್ಣಿನ ಕೆಳಗೆ ಇರುವುದೇ ಸುಣ್ಣದ ಕಲ್ಲು. ಕ್ಯಾಲ್ಸಿಯಂ ಅಲ್ಲಿ ಮೊದಲೇ ತುಂಬಿದೆ. ಸೋಡಿಯಂ ಇಲ್ಲದ ಮಣ್ಣಿಗೆ ಜಿಪ್ಸಂ ಹಾಕಿದರೆ ದುಡ್ಡು ಹೋಗುತ್ತದೆ ಅಷ್ಟೇ.

ಗದಗ ಅಣ್ಣ: ಅಲ್ಲಿಯದೂ ಕರಿ ಮಣ್ಣಾ?

ಅಕ್ಕ: ಹೌದು, ಬ್ಲ್ಯಾಕ್‌ಲ್ಯಾಂಡ್ ಪ್ರೇರಿ ಅಂತಾರೆ. ನಮ್ಮ ಎರೆ ಭೂಮಿಯ ಜಾತಿಯದೇ, ಎರಡನ್ನೂ ವರ್ಟಿಸಾಲ್ ಅನ್ನುವ ಮಣ್ಣಿನ ಗುಂಪಿಗೆ ಸೇರಿಸುತ್ತಾರೆ. ಅಲ್ಲೂ ಮೊದಲು ಹತ್ತಿ ಬೆಳೆಯುತ್ತಿದ್ದರು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ.

ಗದಗ ಅಣ್ಣ: ಅಯ್ಯೋ ಆ ಬಿರುಕು! ಬೇಸಿಗೆ ರಜೆಯಲ್ಲಿ ಹೊಲದ ಬಿರುಕಿಗೆ ಗೋಲಿ ಬಿದ್ದರೆ ಕೈ ಹಾಕಿದರೂ ಸಿಗುತ್ತಿರಲಿಲ್ಲ. ಮತ್ತೆ ಸೀತನಿ! ಎಳೆ ಜೋಳದ ತೆನೆ ಸುಟ್ಟು, ಬಡಿದು, ಬಿಸಿ ಬಿಸಿ ಕಾಳಿಗೆ ಬೆಲ್ಲ, ಶೇಂಗಾ ಚಟ್ನಿ. ಅಜ್ಜ ಇದ್ದಾಗ ಎಷ್ಟು ಜನ ಸೇರುತ್ತಿದ್ದೆವು. ಈಗ ಯಾರೂ ಹೊಲದ ಕಡೆ ಹೋಗುವುದೇ ಇಲ್ಲ.

ಕಾಕಾ: ನಾನು ಹೋಗುತ್ತೇನೆ. ದಿನಾ ಹೋಗುತ್ತೇನೆ.

ಅಣ್ಣ: ಹುಲ್ಲಿನ ವಿಷಯ ಹೇಳಿ ಯಾರಾದರೂ. ನಮ್ಮದು ಬರ್ಮುಡಾ.

ಅಕ್ಕ: ಬರ್ಮುಡಾ ಅಂದರೆ ನಮ್ಮ ಕರಿಕೆಯೇ. ಲಾನ್‌ಗೆ ಹಾಕುವ ಕೆಲವು ತಳಿ ಮಿಶ್ರ ತಳಿ, ಅಷ್ಟೇ ವ್ಯತ್ಯಾಸ.

ಕಾಕಾ: ಕರಿಕೆಯಾ?! ಕರಿಕೆ ಕೀಳಲು ನಿಮ್ಮ ಅಜ್ಜ ಬೇಸಿಗೆಯಲ್ಲಿ ಆಳವಾಗಿ ನೇಗಿಲು ಹೊಡೆಸಿ ಗಡ್ಡೆ ಆರಿಸಿ ಸುಡುತ್ತಿದ್ದರು, ಬೆನ್ನು ಮುರಿದು ಹೋಗುತ್ತಿತ್ತು. ಅದಕ್ಕೆ ನೀನು ದುಡ್ಡು ಕೊಟ್ಟು ಗೊಬ್ಬರ ಹಾಕುತ್ತೀಯಾ? ಕೊನೆಯ ಸಲ ಕರಿಕೆ ತೆಗೆಸಿದ ಟ್ರ್ಯಾಕ್ಟರ್ ಬಾಡಿಗೆಯಲ್ಲಿ ನಿಮ್ಮಪ್ಪನ ಪಾಲು ಇನ್ನೂ ಬಂದಿಲ್ಲ, ನೆನಪಿರಲಿ.

ಅಣ್ಣ: ಕಾಕಾ, ಅಪ್ಪ ಇಲ್ಲದ ಮೇಲೆ ಈ ಮಾತು ಬೇಕಾ? ಅದನ್ನು ನಾನು ಕೊಡುತ್ತೇನೆ, ಗುಂಪಿನಲ್ಲಿ ಕೇಳಬೇಡಿ.

ಅತ್ತೆ: 2025ರ ಮುಂಗಾರಿನಲ್ಲಿ ಒಂದು ಚೀಲ ಯೂರಿಯಾಕ್ಕೆ ರೈತರು ಬೆಳಗಿನ ಜಾವ ಎದ್ದು ಸರದಿಯಲ್ಲಿ ನಿಂತಿದ್ದರು. ಗೋವಿನಜೋಳಕ್ಕೆ ಸಿಗದ ಯೂರಿಯಾ, ಕಾಲಲ್ಲಿ ತುಳಿಯುವ ಹುಲ್ಲಿಗೆ. ಕಾಲೊನಿಯವರು ಪತ್ರ ಕೊಟ್ಟರೆ ಕೊಡಲಿ, ಮನುಷ್ಯನಿಗೆ ಒಂದು ಮಿತಿ ಇರಬೇಕು.

ವೈನಿ (ಫ್ರಿಸ್ಕೋ ಅಣ್ಣನ ಹೆಂಡತಿ): ಪತ್ರಕ್ಕೆ ಉತ್ತರ ಕೊಡದಿದ್ದರೆ ದಂಡ ಹಾಕುತ್ತಾರೆ ಅತ್ತೆ. ಸುಮ್ನೆ ಶೋಕಿಗೆ ಅಲ್ಲ. ಚೌತಿಗೆ ಗಣಪತಿಗೆ ಏರಿಸುವ ಕರಿಕೆಯನ್ನೂ ಹಿತ್ತಲಿನಿಂದಲೇ ಕೀಳುತ್ತೇನೆ, ಅದಕ್ಕೇ ಆ ಕಡೆ ಕಳೆನಾಶಕ ಹೊಡೆಯಲು ಇವರನ್ನು ಬಿಡುವುದಿಲ್ಲ.

ಅತ್ತೆ: ಅದು ಒಳ್ಳೆಯದು ಮಾಡಿದಿ.

ನಾನು: ಒಂದು ನಿಮಿಷ. 'ಇನ್ನಷ್ಟು ಓದಿ' ಯಾರಾದರೂ ಒತ್ತಿದಿರಾ? ಕೊನೆಯ ಸಾಲಿನಲ್ಲಿ "ಮೆಲ್ಬರ್ನ್‌ನ ನಮ್ಮ ಕನ್ನಡಿಗರಿಗಾಗಿ" ಅಂತ ಇದೆ. ಅಲ್ಲಿ ಫೆಬ್ರವರಿ ಅಂದರೆ ಬೇಸಿಗೆ!

ಅಕ್ಕ: ಈಗ ಅರ್ಥವಾಯಿತು. ಆಸ್ಟ್ರೇಲಿಯಾದಲ್ಲಿ ಸೋಡಿಯಂ ಇರುವ ಜೇಡಿ ಮಣ್ಣು ಬಹಳ, ಅಲ್ಲಿ ಜಿಪ್ಸಂ ಕೆಲಸ ಮಾಡುತ್ತದೆ. ಹುಲ್ಲೂ ಈಗ ಬೆಳೆಯುತ್ತಿರುತ್ತದೆ. ಆದರೂ ಕೈತುಂಬ ಯೂರಿಯಾ ಅನ್ನುವುದು ಎಲ್ಲೂ ಅಳತೆ ಅಲ್ಲ, ಹುಲ್ಲು ಸುಟ್ಟು ಹೋಗುತ್ತದೆ.

ಕಾಕಾ: ಮಣ್ಣು ಎಲ್ಲಿದ್ದರೂ ಮಣ್ಣೇ. ಒಳ್ಳೆಯದಾಗಲಿ ಅಂತ ಕಳಿಸಿದರೆ ಇಷ್ಟೊಂದು ವಿಚಾರಣೆ. ಹೋದ ಸಲ ಅರಿಶಿನದ ಮೆಸೇಜ್ ಕಳಿಸಿದಾಗಲೂ ಹೀಗೇ ಮಾಡಿದಳು.

ಗದಗ ಅಣ್ಣ: ಮೆಲ್ಬರ್ನ್‌ನಲ್ಲಿ ನಮ್ಮ ಶಾಲೆಯವನೊಬ್ಬ ಇದ್ದಾನೆ, ಗಾಳಿಪಟ ಹಾರಿಸುವುದರಲ್ಲಿ ಅವನನ್ನು ಮೀರಿಸುವವರೇ ಇರಲಿಲ್ಲ.

ಅಣ್ಣ: ಅಕ್ಕಾ, ಹಾಗಾದರೆ ಯಾವಾಗ ಹಾಕಲಿ?

ಅಕ್ಕ: ನಿನ್ನ ಹುಲ್ಲು ಸತ್ತಿಲ್ಲ, ಚಳಿಗೆ ಮಲಗಿದೆ. ಈಗ ಗೊಬ್ಬರ ಹಾಕಿದರೆ ಅದನ್ನು ತಿನ್ನುವುದು ಚಳಿಗಾಲದ ಕಳೆ. ನಿಮ್ಮಲ್ಲಿ ಮಾರ್ಚ್ ಮಧ್ಯದವರೆಗೂ ನೀರು ಹೆಪ್ಪುಗಟ್ಟುವ ಚಳಿ ಬೀಳಬಹುದು, ಒತ್ತಾಯದಿಂದ ಚಿಗುರಿಸಿದರೆ ಆ ಚಿಗುರು ಕರಟುತ್ತದೆ. ಬಿಸಿಲು ಏರಿ ಮಣ್ಣು 18 ಡಿಗ್ರಿ ಸೆಲ್ಸಿಯಸ್ ದಾಟಲಿ. ಹುಲ್ಲು ತಾನಾಗಿ ಹಸಿರಾಗಿ, ಕಳೆಯನ್ನಲ್ಲ, ಹುಲ್ಲನ್ನೇ ಎರಡು ಸಲ ಕತ್ತರಿಸಿದ ಮೇಲೆ ಮೊದಲ ಗೊಬ್ಬರ. ಏಪ್ರಿಲ್ ಮಧ್ಯದಿಂದ ಕೊನೆ ಅಂತ ಇಟ್ಟುಕೋ. ಅಷ್ಟರೊಳಗೆ ಮಣ್ಣು ಪರೀಕ್ಷೆಗೆ ಕಳಿಸು, ಕಾಲೇಜ್ ಸ್ಟೇಷನ್‌ನಲ್ಲಿ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಲ್ಯಾಬ್ ಇದೆ. ಮನೆಯಲ್ಲಿ ಗೊಬ್ಬರ ಇದ್ದರೆ ಚೀಲದ ಫೋಟೊ ಹಾಕು.

ಅಣ್ಣ: 15-5-10 ಅಂತ ಇದೆ. ಅಂಗಳ 3000 ಚದರ ಅಡಿ.

ಅಕ್ಕ: ಮೊದಲನೇ ಅಂಕಿ ಸಾರಜನಕ, 100 ಕೆಜಿಯಲ್ಲಿ 15 ಕೆಜಿ. ಒಂದು ಸಲಕ್ಕೆ ಸಾವಿರ ಚದರ ಅಡಿಗೆ ಸಾರಜನಕ ಅರ್ಧ ಕೆಜಿಯೊಳಗೆ ಇರಲಿ. ಅಂದರೆ ಈ ಗೊಬ್ಬರ ಸಾವಿರಕ್ಕೆ 3 ಕೆಜಿ, ನಿನಗೆ ಒಟ್ಟು 9 ಕೆಜಿ. ಯೂರಿಯಾದಲ್ಲಿ ಸಾರಜನಕ 46 ಪರ್ಸೆಂಟ್, ಅದಾದರೆ ಸಾವಿರಕ್ಕೆ 1 ಕೆಜಿಯೇ ಸಾಕಿತ್ತು, ಕೈಯಲ್ಲಿ ಎರಚಿದರೆ ಎಲ್ಲಿ ನಿಲ್ಲುತ್ತದೆ ಹೇಳು. ನಡುವಿನ ಅಂಕಿ ರಂಜಕ. ಜೇಡಿ ಮಣ್ಣು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಳೆಯ ಲಾನ್‌ಗಳಲ್ಲಿ ಬೇಕಾದಷ್ಟು ಇರುತ್ತದೆ. ವರದಿಯಲ್ಲಿ ಜಾಸ್ತಿ ಬಂದರೆ ಮುಂದಿನ ಚೀಲ ನಡುವೆ ಸೊನ್ನೆ ಇರುವುದನ್ನೇ ತಗೋ.

ಅಣ್ಣ: ಎಲೆ ಹಳದಿ ಆಗುತ್ತದಲ್ಲ ಜೂನ್‌ನಲ್ಲಿ?

ಅಕ್ಕ: ನರ ಹಸಿರಾಗಿದ್ದು ನಡುವೆ ಹಳದಿ ಇದ್ದರೆ ಕಬ್ಬಿಣದ ಕೊರತೆ. ಸುಣ್ಣದ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಅದಕ್ಕೆ ಇನ್ನಷ್ಟು ಯೂರಿಯಾ ಸುರಿಯಬೇಡ, ಕಬ್ಬಿಣವನ್ನು ಎಲೆಯ ಮೇಲೆ ಸಿಂಪಡಿಸು.

ನಾನು: ಮರಳು ಬೆರೆಸಿದರೆ ಮಣ್ಣು ಸಡಿಲ ಆಗುತ್ತದೆ ಅಂತಾರಲ್ಲ?

ಅಕ್ಕ: ಬೇಡ. ಸ್ವಲ್ಪ ಮರಳು ಜೇಡಿಗೆ ಬಿದ್ದರೆ ಇಟ್ಟಿಗೆಯ ಹಾಗೆ ಗಟ್ಟಿಯಾಗುತ್ತದೆ. ಮೇ ತಿಂಗಳಲ್ಲಿ ಮಣ್ಣಿನ ಉಂಡೆ ತೆಗೆಯುವ ಯಂತ್ರ ಬಾಡಿಗೆಗೆ ತಂದು ತೂತು ಮಾಡು, ಮೇಲೆ ಕಾಲು ಇಂಚು ಕಾಂಪೋಸ್ಟ್ ಹರಡು. ಕಾಕಾ ಹೊಲಕ್ಕೆ ತಿಪ್ಪೆ ಗೊಬ್ಬರ ಹಾಕುತ್ತಾರಲ್ಲ, ಅದೇ ಲೆಕ್ಕ.

ಕಾಕಾ: ಅದನ್ನೇ ನಾನು ಮೊದಲಿನಿಂದ ಹೇಳುತ್ತಿರುವುದು. ತಿಪ್ಪೆ ಗೊಬ್ಬರ.

ಅತ್ತೆ: ನೀನು ಹೇಳಿದ್ದು ಜಿಪ್ಸಂ. ಮೇಲೆ ಹೋಗಿ ನೋಡು.

ಅಕ್ಕ: ಗೊಬ್ಬರ ಹಾಕಿದ ಮೇಲೆ ಒಂದೇ ಸಲ ನೀರು ಬಿಡಬೇಡ. ಜೇಡಿ ಕುಡಿಯುವುದು ನಿಧಾನ, ಹರಿದು ರಸ್ತೆಗೆ, ಅಲ್ಲಿಂದ ಹಳ್ಳಕ್ಕೆ ಹೋಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು, ನಿಲ್ಲಿಸಿ, ಮತ್ತೆ ಬಿಡು. ಕಾಲುದಾರಿಯ ಮೇಲೆ ಬಿದ್ದ ಕಾಳನ್ನು ಗುಡಿಸಿ ಹುಲ್ಲಿಗೇ ಹಾಕು.

ವೈನಿ: ಗುಡಿಸುವುದು ಇವರೇ. ಬರೆದಿಟ್ಟುಕೊಂಡೆ.

ಕಾಕಾ: ವರದಿ ಬಂದರೆ ಗುಂಪಿಗೆ ಹಾಕು ತಮ್ಮಾ, ಜಿಪ್ಸಂ ಬೇಕು ಅಂತ ಬರೆದಿರುತ್ತಾರೋ ಇಲ್ಲವೋ ನಾನೇ ನೋಡುತ್ತೇನೆ. ಟ್ರ್ಯಾಕ್ಟರ್ ಲೆಕ್ಕ ಫೋನಿನಲ್ಲಿ ಮಾತಾಡೋಣ.