ಸಪ್ಪೊರೊಗೆ ಯಾವ ತಿಂಗಳಲ್ಲಿ ಹೋದರೆ ಒಳ್ಳೇದು? ಜೊತೆಗೆ ಅಮ್ಮ, ಮಗಳು ಇದ್ದಾರೆ

ಕುಕ್ಕರಹಳ್ಳಿ ವಾಕರ್:

ಎಲ್ಲರಿಗೂ ನಮಸ್ಕಾರ. ಜಪಾನಿನ ಉತ್ತರದ ಹೊಕ್ಕೈದೊ ದ್ವೀಪದಲ್ಲಿರುವ ಸಪ್ಪೊರೊ ನೋಡಬೇಕು ಅಂತ ಮನೆಯಲ್ಲಿ ಮಾತಾಗಿದೆ. ಮಗಳು ಆರನೇ ಕ್ಲಾಸು. ಅಲ್ಲಿನ ಹಿಮದ ಹಬ್ಬದ ವಿಡಿಯೊ ನೋಡಿ ಹಟ ಹಿಡಿದಿದ್ದಾಳೆ. ಅಮ್ಮನೂ ಬರುತ್ತಾರೆ. ಮಂಡಿ ನೋವಿದೆ, ನಡೆಯುತ್ತಾರೆ, ಆದರೆ ನಿಧಾನ. ಮೂವರೂ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ.

ಫೆಬ್ರವರಿಯಲ್ಲಿ ಹೋದರೆ ಶಾಲೆ ತಪ್ಪುತ್ತದೆ. ಟ್ರಾವೆಲ್ಸ್‌ನವರು ಮಾತ್ರ "ಫೆಬ್ರವರಿ ಬಿಟ್ಟರೆ ಅಲ್ಲಿ ನೋಡೋಕೆ ಏನಿದೆ ಸಾರ್" ಅಂತಾರೆ. ನಿಜವಾ? ಅಲ್ಲಿ ಇರುವವರು, ಹೋಗಿ ಬಂದವರು ದಯವಿಟ್ಟು ಹೇಳಿ.

ಸಾಗರದ ಸೊಸೆ:

ನಮಸ್ಕಾರ ಸರ್. ಯಜಮಾನರ ಕೆಲಸದಿಂದಾಗಿ ಈ ಊರಲ್ಲೇ ಸಂಸಾರ ಹೂಡಿರುವವಳು ನಾನು. ಮೊದಲೇ ಹೇಳಿಬಿಡ್ತೀನಿ, ನಿಮ್ಮ ಟ್ರಾವೆಲ್ಸ್‌ನವರ ಮಾತು ನಂಬಬೇಡಿ. ಅಮ್ಮನ ಜೊತೆ ಬರುವುದಾದರೆ ಮೇ ತಿಂಗಳ ಎರಡನೇ ಅರ್ಧ. ನಮ್ಮ ಕಡೆ ಬೇಸಿಗೆ ರಜೆಯೂ ಆಗಲೇ ಇರುತ್ತೆ, ಅಲ್ವಾ?

ಹಿಮ ನೋಡೋಕೆ ಚೆಂದ. ಅದರ ಮೇಲೆ ನಡೆಯೋದು ಬೇರೆ ವಿಷಯ. ಒಂದು ಚಳಿಗಾಲಕ್ಕೆ ಇಲ್ಲಿ ಒಟ್ಟು ಸುಮಾರು 5 ಮೀಟರ್ ಹಿಮ ಬೀಳುತ್ತೆ. ಹೊಸ ಹಿಮದ ಮೇಲೆ ತೊಂದರೆಯಿಲ್ಲ, ಕರ್ರಕರ್ರ ಅಂತ ನಡೆಯಬಹುದು. ಅದು ಕಾರು, ಬಸ್ಸಿನ ಚಕ್ರಕ್ಕೆ ಸಿಕ್ಕಿ, ಸ್ವಲ್ಪ ಕರಗಿ, ರಾತ್ರಿ ಮತ್ತೆ ಗಟ್ಟಿಯಾದಾಗ ರಸ್ತೆ ಗಾಜಿನಂತೆ ಆಗುತ್ತೆ. ಝೀಬ್ರಾ ಕ್ರಾಸಿಂಗ್ ಎಲ್ಲಕ್ಕಿಂತ ಕಷ್ಟ. ಅಲ್ಲಿ ಪಾದಚಾರಿ ದೀಪ ಹಸಿರಾದ ಮೇಲೆ ಅಮ್ಮ ಅವಸರ ಮಾಡಲೇಬಾರದು. ಊರಿನ ಅನೇಕ ಮೂಲೆಗಳಲ್ಲಿ ಒಂದೊಂದು ಪೆಟ್ಟಿಗೆ ಇಟ್ಟಿರ್ತಾರೆ. ಒಳಗೆ ಸಣ್ಣ ಜಲ್ಲಿಪುಡಿಯ ಚೀಲಗಳು. ಜಾರುತ್ತೆ ಅನ್ನಿಸಿದರೆ ಯಾರು ಬೇಕಾದರೂ ಒಂದು ಚೀಲ ತೆಗೆದು, ಹರಿದು, ಮುಂದೆ ಚೆಲ್ಲಿಕೊಂಡು ದಾಟಬಹುದು. ಆಫೀಸಿಗೆ ಹೊರಟ ಕೋಟಿನವರೂ ನಿಂತು ಚೆಲ್ಲಿ ಹೋಗ್ತಾರೆ. ಹಿಂದೆ ಬರುವವರಿಗೂ ಆಯಿತು.

ಹಬ್ಬದ ವಿಷಯ. 1950ರಲ್ಲಿ ಶಾಲಾ ಮಕ್ಕಳು ಓದೋರಿ ಪಾರ್ಕಿನಲ್ಲಿ ಆರು ಹಿಮದ ಬೊಂಬೆ ಮಾಡಿದ್ದರಿಂದ ಶುರುವಾದದ್ದು. ಈಗ ದೊಡ್ಡ ಬೊಂಬೆಗಳನ್ನು ಸೈನಿಕರೇ ಬಂದು ಕಟ್ಟುತ್ತಾರೆ. ಹಿಮ ಲಾರಿಗಳಲ್ಲಿ ಊರ ಹೊರಗಿಂದ ಬರುತ್ತೆ. ಮೂರ್ನಾಲ್ಕು ಮಹಡಿ ಎತ್ತರ! ನಿಜವಾಗಲೂ ನೋಡುವಂಥದ್ದೇ. ಆದರೆ ಆ ವಾರ ಹೋಟೆಲ್ ಬಾಡಿಗೆ ಕೇಳಿದರೆ ತಲೆ ಸುತ್ತುತ್ತೆ, ಜನ ಬೇರೆ ಜಾಸ್ತಿ. ಮಗಳಿಗೆ ಹಿಮ ಬೇಕೇಬೇಕು ಅಂದರೆ ಜನವರಿ ಕೊನೆಗೆ ಬನ್ನಿ. ಬೊಂಬೆ ಕಟ್ಟುತ್ತಿರುವುದನ್ನೇ ನೋಡಬಹುದು. ಸಾರವೆ ಹಾಕಿಕೊಂಡು, ಮೇಲೆ ನಿಂತು, ಕೈಯಲ್ಲಿ ಸಲಿಕೆ ಹಿಡಿದು ಹಿಮ ಕೆತ್ತುತ್ತಿರ್ತಾರೆ. ನನಗಂತೂ ಮುಗಿದ ಬೊಂಬೆಗಿಂತ ಅದೇ ಇಷ್ಟ. ಹಬ್ಬ ಮುಗಿದ ಕೂಡಲೇ ಜೆಸಿಬಿ ತಂದು ಎಲ್ಲವನ್ನೂ ಕೆಡವಿ ಹಾಕ್ತಾರೆ, ಅದನ್ನು ನೋಡೋಕೂ ಜನ ಸೇರ್ತಾರೆ.

ಈಗ ಮೇ ತಿಂಗಳಿಗೆ ಬರ್ತೀನಿ. ತೋಕಿಯೊದಲ್ಲಿ ಚೆರ್ರಿ ಹೂವು ಮಾರ್ಚ್ ಕೊನೆ, ಏಪ್ರಿಲ್ ಮೊದಲಲ್ಲೇ ಮುಗಿಯುತ್ತೆ. ಇಲ್ಲಿ ತಡ. ಹಿಂದೆ ಮೇ ಮೊದಲ ವಾರಕ್ಕೆ ಅರಳುತ್ತಿತ್ತಂತೆ. ಈಗ ಏಪ್ರಿಲ್ ಕೊನೆಗೇ ಬರ್ತಿದೆ, 2023ರಲ್ಲಿ ಏಪ್ರಿಲ್ 15ಕ್ಕೇ ಅರಳಿಬಿಟ್ಟಿತು. ಆದರೆ ಏಪ್ರಿಲ್ 29ರಿಂದ ಮೇ 5ರವರೆಗೆ ಇಡೀ ಜಪಾನಿಗೆ ಸಾಲು ರಜೆ. ಆ ದಿನಗಳನ್ನು ತಪ್ಪಿಸಿಕೊಳ್ಳಿ. ಚೆರ್ರಿ ಬೇಕೆಂದರೆ ಮಾರುಯಾಮ ಪಾರ್ಕು, ಪಕ್ಕದ ಹೊಕ್ಕೈದೊ ದೇವಸ್ಥಾನ. ಒಂದು ಎಚ್ಚರಿಕೆ: ಹೂವಿನ ದಿನಗಳಲ್ಲಿ ಜನ ಮರದ ಕೆಳಗೇ ಒಲೆ ಹಚ್ಚಿ ಕುರಿ ಮಾಂಸ ಸುಡ್ತಾರೆ. ಅಮ್ಮನಿಗೆ ಆ ವಾಸನೆ ಆಗದೆ ಇರಬಹುದು. ದೇವಸ್ಥಾನದ ಕಡೆಯಿಂದ ಹೋದರೆ ಸರಿ.

ಮೇ ಎರಡನೇ ಅರ್ಧದಲ್ಲಿ ಲೈಲಾಕ್ ಅರಳುತ್ತೆ. ಅದು ಈ ನಗರದ ಅಧಿಕೃತ ಮರ. ಓದೋರಿ ಪಾರ್ಕು ಊರ ನಡುವೆ ಒಂದೂವರೆ ಕಿಲೋಮೀಟರ್ ಉದ್ದಕ್ಕೆ ಪಟ್ಟಿಯ ಹಾಗೆ ಹಾದುಹೋಗಿದೆ. ಅದರ ತುಂಬ ನೇರಳೆ, ಬಿಳಿ ಗೊಂಚಲು. ಎಲ್ಲ ಸಮತಟ್ಟು, ಹೆಜ್ಜೆಗೊಂದು ಬೆಂಚು. ಅಮ್ಮ ಕೂತಲ್ಲೇ ಇಡೀ ಊರು ನೋಡಬಹುದು. ಸ್ವೆಟರ್ ತನ್ನಿ, ಲೈಲಾಕ್ ಹೊತ್ತಿನಲ್ಲಿ ಒಮ್ಮೊಮ್ಮೆ ಚಳಿ ತಿರುಗಿ ಬರುತ್ತೆ. ಪಾರ್ಕಿನಲ್ಲಿ ಮೆಕ್ಕೆಜೋಳದ ಗಾಡಿ ನಿಂತಿರುತ್ತೆ. ಸುಟ್ಟು, ಸೋಯಾ ಸಾಸ್ ಸವರಿ ಕೊಡ್ತಾರೆ. ಆಲೂಗಡ್ಡೆಗೆ ಬೆಣ್ಣೆ ಹಾಕಿಯೂ ಕೊಡ್ತಾರೆ. ಉಪ್ಪು, ಖಾರ, ನಿಂಬೆಹಣ್ಣಿನ ಆಸೆ ಇಟ್ಟುಕೊಳ್ಳಬೇಡಿ.

ಜೂನ್ ಕೂಡ ಆಗಬಹುದು. ಜಪಾನಿನ ಬೇರೆ ಕಡೆ ಆಗ ಮಳೆಗಾಲ, ಹೊಕ್ಕೈದೊಗೆ ಆ ಮಳೆಗಾಲ ಇಲ್ಲ. ಜೂನ್ ಅಂದರೆ ಕೊಡೆ, ಒದ್ದೆ ಬಟ್ಟೆ ಅಂತಲೇ ಬೆಳೆದ ನನಗೆ ಇದು ಇನ್ನೂ ಅಭ್ಯಾಸ ಆಗಿಲ್ಲ. ಬೆಳಿಗ್ಗೆ ನಾಲ್ಕಕ್ಕೆಲ್ಲ ಸೂರ್ಯ ಹುಟ್ಟಿರ್ತಾನೆ. ಹೋಟೆಲಿನ ಪರದೆ ದಪ್ಪಗಿದೆಯಾ ನೋಡಿಕೊಳ್ಳಿ.

ಕೃಷ್ಣಾ ತೀರದವ:

ಅಕ್ಕಾವ್ರೇ, ನೀವು ಹೇಳೋದು ಸರಿ, ಆದರೂ ನಾನು ಒಪ್ಪಲ್ಲ. ನಾವು ಬಾಗಲಕೋಟೆ ಕಡೆಯವರು. ನಲವತ್ತು ಡಿಗ್ರಿ ಬಿಸಿಲು ಕಂಡವರಿಗೆ ಹೂವು, ಪಾರ್ಕು ತೋರಿಸಲು ಅಷ್ಟು ದೂರ ಹೋಗಬೇಕಾ? ನಾನು ಫೆಬ್ರವರಿಯಲ್ಲೇ ಹೋಗಿದ್ದೆ. ಮಕ್ಕಳಿಗೆ ತ್ಸುದೋಮೆ ಅನ್ನುವ ಜಾಗದಲ್ಲಿ ಹಿಮದ ಜಾರುಬಂಡೆ ಇದೆ, ಅದರಿಂದ ಇಳಿಸಿ ಕರೆದುಕೊಂಡು ಬರುವುದೇ ಕಷ್ಟ. ಒಳಗೆ ಬೆಚ್ಚಗೆ ಕೂರಲು ದೊಡ್ಡ ಹಾಲ್ ಇದೆ. ಸುಸುಕಿನೊ ಅನ್ನುವ ಬಡಾವಣೆಯಲ್ಲಿ ಮಂಜುಗಡ್ಡೆಯ ಬೊಂಬೆಗಳು, ಒಂದರೊಳಗೆ ಮೀನು, ಏಡಿ ಎಲ್ಲ ಹಾಗೇ ಹೆಪ್ಪುಗಟ್ಟಿಸಿ ಇಟ್ಟಿದ್ದರು.

ಅಜ್ಜಿಯವರ ಮಂಡಿಗೂ ಉಪಾಯವಿದೆ. ಸಪ್ಪೊರೊ ಸ್ಟೇಷನ್ನಿಂದ ಓದೋರಿ ದಾಟಿ ಸುಸುಕಿನೊವರೆಗೂ ನೆಲದಡಿಯಲ್ಲೇ ನಡೆದು ಹೋಗಬಹುದು. ಅಗಲ ದಾರಿ, ಅಂಗಡಿ, ಕೂರಲು ಜಾಗ, ಬೆಚ್ಚಗೆ. ಮೇಲೆ ಹಿಮ ಸುರಿಯುವಾಗ ಕೆಳಗೆ ನಾವು ಜಾಕೆಟ್ ಬಿಚ್ಚಿ ಕೈಯಲ್ಲಿ ಹಿಡಿದಿದ್ದೆವು.

ಸಾಗರದ ಸೊಸೆ:

ಕೃಷ್ಣಾ ತೀರದವರೇ, ನೆಲದಡಿಯ ದಾರಿ ನೆನಪಿಸಿದ್ದು ಒಳ್ಳೇದಾಯ್ತು. ಸ್ಟೇಷನ್ನಿಂದ ಓದೋರಿವರೆಗಿನ ಭಾಗ 2011ರಲ್ಲಿ ಆದದ್ದು. ನಾವೆಲ್ಲ ಚಳಿಗಾಲದಲ್ಲಿ ಅಲ್ಲೇ ಓಡಾಡೋದು. ಆದರೆ ಬೊಂಬೆಗಳಿರೋದು ಮೇಲೆ ಅಲ್ವಾ!

ಚಳಿಗಾಲಕ್ಕೇ ಬರುವುದಾದರೆ ಒಂದು ಮಾತು. ಬೂಟಿಗೆ ಕಟ್ಟುವ ಮುಳ್ಳಿನ ಪಟ್ಟಿ ಇಲ್ಲೇ ಸಿಗುತ್ತೆ. ಹೊರಗೆ ಅದು ಸೈ, ಅಂಗಡಿಯೊಳಗಿನ ಟೈಲ್ಸ್ ಮೇಲೆ ಅದೇ ಜಾರುತ್ತೆ. ಬಾಗಿಲಲ್ಲೇ ಬಿಚ್ಚಬೇಕು. ಬೆಳಗಿನ ಜಾವ ಎದ್ದರೆ ಮಗಳಿಗೆ ಟ್ರಾಮ್ ಹಳಿ ಗುಡಿಸುವ ಗಾಡಿ ತೋರಿಸಿ. ಅದರ ಮುಂದೆ ಬಿದಿರು ಕಡ್ಡಿಯ ಪೊರಕೆ ಗರಗರ ತಿರುಗುತ್ತಾ ಹಿಮವನ್ನು ಪಕ್ಕಕ್ಕೆ ಎಸೆಯುತ್ತೆ. ಅದಕ್ಕೆ ಟಿಕೆಟ್ ಇಲ್ಲ, ಸಾಲು ಇಲ್ಲ.

ಕುಕ್ಕರಹಳ್ಳಿ ವಾಕರ್:

ಇಬ್ಬರಿಗೂ ಧನ್ಯವಾದ. ಮೇ ಅಂತಲೇ ಮನಸ್ಸು ವಾಲುತ್ತಿದೆ. ಮೇಡಂ, ದಸರಾ ರಜೆಯಲ್ಲಿ ಬಂದರೆ? ಅಮ್ಮನಿಗೆ ಬಿಸಿನೀರಿನ ಬುಗ್ಗೆಗೂ ಹೋಗುವ ಆಸೆ, ಮಂಡಿಗೆ ಒಳ್ಳೇದು ಅಂತ ಯಾರೋ ಹೇಳಿದ್ದಾರೆ. ಮಗಳಿಗೆ ಏನಾದರೂ "ಬೋರ್ ಆಗದ" ಜಾಗ ಬೇಕಂತೆ. ಊಟದ ಕಥೆಯೂ ಹೇಳಿ.

ಸಾಗರದ ಸೊಸೆ:

ದಸರಾ ಅಕ್ಟೋಬರ್ ಮಧ್ಯಕ್ಕೆ ಬಿದ್ದ ವರ್ಷ ಚೆನ್ನಾಗಿರುತ್ತೆ. ಜೋಜಾನ್‌ಕೇ ಅಂತ ಬಿಸಿನೀರಿನ ಊರು, ಬಸ್ಸಲ್ಲಿ ಒಂದು ಗಂಟೆ ಚಿಲ್ಲರೆ. ಕಣಿವೆಯ ಮರಗಳೆಲ್ಲ ಆಗ ಕೆಂಪಗಾಗಿರ್ತವೆ. ಆದರೆ ಅಮ್ಮನಿಗೆ ಮೊದಲೇ ತಿಳಿಸಿ: ಅಲ್ಲಿನ ಸ್ನಾನದ ಮನೆಯಲ್ಲಿ ಮೈಮೇಲೆ ಬಟ್ಟೆ ಇರಬಾರದು. ಹೆಂಗಸರಿಗೆ ಬೇರೆಯೇ ಇದೆ, ಆದರೂ ನಮ್ಮ ಹಿರಿಯರಿಗೆ ಅದು ಆಗದ ಮಾತು. ನನ್ನ ಅತ್ತೆ ಬಂದಾಗ ಬಾಗಿಲವರೆಗೆ ಬಂದು "ನೀನು ಹೋಗಿ ಬಾ, ನಾನು ಇಲ್ಲೇ ಕೂರ್ತೀನಿ" ಅಂದುಬಿಟ್ಟರು. ಆಮೇಲೆ ಅಲ್ಲೇ ಒಂದು ಪಾರ್ಕಿನಲ್ಲಿ ಕಾಲು ಇಳಿಬಿಟ್ಟು ಕೂರುವ ಬಿಸಿನೀರಿನ ತೊಟ್ಟಿ ಸಿಕ್ಕಿತು. ಸೀರೆ ಮೊಣಕಾಲಿಗೆ ಎತ್ತಿ ಕೂತವರು ಏಳಲೇ ಇಲ್ಲ. ಅದಕ್ಕೆ ದುಡ್ಡೂ ಇಲ್ಲ.

ಇನ್ನೂ ತಡವಾಗಿ, ಅಕ್ಟೋಬರ್ ಕೊನೆಗೆ ಬಂದರೆ ಇಲ್ಲಿನ ಹೊಕ್ಕೈದೊ ವಿಶ್ವವಿದ್ಯಾಲಯದ ಒಳಗಿನ ಗಿಂಕೊ ಮರಗಳ ಸಾಲು ಅರಿಶಿನ ಬಣ್ಣಕ್ಕೆ ತಿರುಗಿರುತ್ತೆ. ಫೋಟೊ ಅದ್ಭುತ ಬರುತ್ತೆ. ಫೋಟೊದಲ್ಲಿ ಬಾರದ್ದು ವಾಸನೆ. ಉದುರಿದ ಕಾಯಿ ಕಾಲಿಗೆ ಸಿಕ್ಕರೆ ಮೂಗು ಮುಚ್ಚಬೇಕು. ಚಪ್ಪಲಿ ನೋಡಿಕೊಂಡು ರೂಮಿಗೆ ಹೋಗಿ. ಆ ದಿನಗಳಲ್ಲೇ ಗಾಳಿಯಲ್ಲಿ ಬಿಳಿ ಹತ್ತಿಚೂರಿನ ಹಾಗೆ ಹುಳುಗಳು ಹಾರಾಡ್ತವೆ. ಅವು ಕಂಡರೆ ಮೊದಲ ಹಿಮಕ್ಕೆ ಹೆಚ್ಚು ದಿನ ಇಲ್ಲ ಅಂತ ಇಲ್ಲಿನವರು ಕಾರಿಗೆ ಹಿಮದ ಟೈರ್ ಹಾಕಿಸುವ ಮಾತು ತೆಗೀತಾರೆ.

ಮಗಳಿಗೆ ಮೊಎರೆನುಮ ಪಾರ್ಕ್. ಮೊದಲು ಅಲ್ಲಿ ನಗರದ ಕಸ ಹಾಕ್ತಿದ್ದರು. ಶಿಲ್ಪಿ ಇಸಾಮು ನೊಗುಚಿ 1988ರಲ್ಲಿ ಅದರ ನಕ್ಷೆ ಮಾಡಿ, ಅದೇ ವರ್ಷ ತೀರಿಕೊಂಡರು. ಪಾರ್ಕು ಪೂರ್ತಿ ತೆರೆದದ್ದು 2005ರಲ್ಲಿ. ಹುಲ್ಲಿನ ಗುಡ್ಡ, ಆಟದ ಜಾಗ, ಬಾಡಿಗೆ ಸೈಕಲ್ ಎಲ್ಲ ಇದೆ. ಗಾಜಿನ ದೊಡ್ಡ ಪಿರಮಿಡ್ ಒಂದಿದೆ. ಚಳಿಗಾಲದಲ್ಲಿ ಕೂಡಿಟ್ಟ ಹಿಮದಿಂದಲೇ ಬೇಸಿಗೆಯಲ್ಲಿ ಅದನ್ನು ತಂಪು ಮಾಡ್ತಾರೆ. ಮಗಳ ಸೈನ್ಸ್ ಟೀಚರಿಗೆ ಹೇಳಲು ಒಂದು ವಿಷಯವಾಯ್ತು. ಸಮುದ್ರ ನೋಡಬೇಕೆಂದರೆ ಓತಾರುಗೆ ರೈಲು ಹತ್ತಿ, ಬಲಗಡೆ ಕಿಟಕಿ ಹಿಡಿಯಿರಿ. ಗಡಿಯಾರ ಗೋಪುರಕ್ಕೆ ಅಂತ ಬೇರೆ ದಿನ ಇಡಬೇಡಿ. 1878ರ ಮರದ ಕಟ್ಟಡ, ಚೆಂದವೇ. ಆದರೆ ಸುತ್ತ ಎತ್ತರದ ಕಟ್ಟಡಗಳು, ಹತ್ತು ನಿಮಿಷದ ಕೆಲಸ.

ಊಟದಲ್ಲಿ ಹುಷಾರು. ಸೂಪ್ ಕರಿ ಅಂತ ಈ ಊರಿನದೇ ಒಂದು ಅಡುಗೆ. ತೆಳ್ಳಗಿನ ಖಾರದ ಸಾರು, ಅದರಲ್ಲಿ ದೊಡ್ಡ ದೊಡ್ಡ ಹೋಳು. "ತರಕಾರಿಯದು" ಅಂತ ಬರೆದಿದ್ದರೂ ಸಾರು ಕೋಳಿಯದಿರಬಹುದು. ಕೇಳಿಯೇ ತಿನ್ನಿ. ಮೀನಿನ ಸಾರು ನೂಡಲ್ಸಿಗೂ ಬೀಳುತ್ತೆ, ಬೇಯಿಸಿದ ಸೊಪ್ಪಿಗೂ ಬೀಳುತ್ತೆ. ಇಂಡಿಯನ್ ಹೋಟೆಲುಗಳಿವೆ. ಅಡುಗೆಮನೆ ಇರುವ ರೂಮು ಹಿಡಿದರೆ ಇನ್ನೂ ವಾಸಿ.

ಕುಕ್ಕರಹಳ್ಳಿ ವಾಕರ್:

ಮೇ ಮೂರನೇ ವಾರಕ್ಕೇ ಟಿಕೆಟ್ ನೋಡ್ತೀನಿ ಮೇಡಂ. ಮಗಳನ್ನು ಜಾರುಬಂಡೆ ವಿಷಯದಲ್ಲಿ ಒಪ್ಪಿಸಬೇಕು ಅಷ್ಟೇ. ಅಮ್ಮನ ಒಂದೇ ಪ್ರಶ್ನೆ: ಅಲ್ಲಿ ಮೊಸರು ಸಿಗುತ್ತಾ?

ಸಾಗರದ ಸೊಸೆ:

ಧಾರಾಳವಾಗಿ. ಹೊಕ್ಕೈದೊ ಹಾಲು, ಬೆಣ್ಣೆಗೆ ಜಪಾನಿನಲ್ಲೇ ಹೆಸರು. ಯಾವ ಅಂಗಡಿಯಲ್ಲಾದರೂ ಸಿಗುತ್ತೆ, ಸಕ್ಕರೆ ಹಾಕದ್ದು ಅಂತ ನೋಡಿ ತೆಗೆದುಕೊಳ್ಳಿ. ಇಲ್ಲಿನ ಅಕ್ಕಿ ಸ್ವಲ್ಪ ಅಂಟು, ಚಿತ್ರಾನ್ನಕ್ಕೆ ಆಗಲ್ಲ, ಮೊಸರನ್ನಕ್ಕೆ ಬೊಂಬಾಟ್. ಒಗ್ಗರಣೆಗೆ ಸಾಸಿವೆ, ಇಂಗು ಮಾತ್ರ ಊರಿಂದ ತನ್ನಿ.