ಅಪ್ಪ ರೆಕಾರ್ಡ್ ಮಾಡಿಟ್ಟ ಶಕ್ತಿಮಾನ್ ಕ್ಯಾಸೆಟ್‌ಗಳು: ಡಿಜಿಟಲ್ ಮಾಡಿಸಲಾ, ಬಿಡಲಾ? ಮಾಡಿಸಿದವರು ಹೇಳಿ

ಹಾಸನದ ಮಗಳು:
ಅಪ್ಪ ಹೋಗಿ ಎರಡು ವರ್ಷ ಆಯಿತು. ಅಟ್ಟ ಖಾಲಿ ಮಾಡುವಾಗ ಹದಿನಾಲ್ಕು ವಿಎಚ್‌ಎಸ್ ವಿಡಿಯೊ ಕ್ಯಾಸೆಟ್ ಸಿಕ್ಕವು. ಎಲ್ಲದರ ಮೇಲೂ ಅಪ್ಪನ ಅಕ್ಷರದಲ್ಲಿ ‘ಶಕ್ತಿಮಾನ್’ ಅಂತ ಬರೆದು ನಂಬರ್ ಹಾಕಿದೆ. ಆ ಸೂಪರ್‌ಹೀರೊ ಧಾರಾವಾಹಿಯನ್ನ 1998ರಿಂದ 2000ದವರೆಗೆ ನನಗೂ ತಮ್ಮನಿಗೂ ಅಂತ ದೂರದರ್ಶನದಿಂದ ರೆಕಾರ್ಡ್ ಮಾಡಿದ್ದು. ಮೂರಕ್ಕೆ ಬಿಳಿ ಬೂಷ್ಟು ಹಿಡಿದಿದೆ. ಕ್ಯಾಸೆಟ್ ಓಡಿಸುವ ನಮ್ಮ ವಿಸಿಆರ್ ಕೆಟ್ಟು ಎಷ್ಟೋ ವರ್ಷ ಆಯಿತು. ಒಂದು ಅಂಗಡಿಯಲ್ಲಿ ಕೇಳಿದೆ. ಕ್ಯಾಸೆಟ್‌ಗೆ 450, ಬೂಷ್ಟು ಹಿಡಿದಿದ್ದಕ್ಕೆ 900, ಒಟ್ಟು 7,650 ರೂಪಾಯಿ ಅಂದರು. ಧಾರಾವಾಹಿ ಯೂಟ್ಯೂಬ್‌ನಲ್ಲಿ ಸಿಗುತ್ತೆ, ಗೊತ್ತು. ಏಳು ವರ್ಷದ ಮಗಳಿಗೆ ತೋರಿಸಬೇಕು ಅಂತ ಆಸೆ. ಇಷ್ಟು ಖರ್ಚು ಮಾಡಬಹುದಾ?

ತುಮಕೂರು ಟೇಪು:
ಅಂಗಡಿಗೆ ಕೊಡಲೇಬೇಡಿ ಮೇಡಂ. ನಾನು 22 ಕ್ಯಾಸೆಟ್ ಮನೆಯಲ್ಲೇ ಮಾಡಿದೆ. ಲೆಕ್ಕ ಪೂರ್ತಿ ಹೇಳ್ತೀನಿ. ಹಳೆ ವಿಸಿಆರ್ 4,500. ಬೆಲ್ಟ್ ಸಡಿಲವಾಗಿತ್ತು, 350. ಟೇಪು ಎಳೆಯುವ ಪಿಂಚ್ ರೋಲರಿನ ರಬ್ಬರ್ ಕಲ್ಲಾಗಿತ್ತು, 600. ವಿಸಿಆರ್ ಚಿತ್ರವನ್ನ ಕಂಪ್ಯೂಟರಿಗೆ ಇಳಿಸೋಕೆ ಮೊದಲು ತಂದ ಯುಎಸ್‌ಬಿ ಕ್ಯಾಪ್ಚರ್ 950, ಅದು ದಂಡ. ನಲವತ್ತು ನಿಮಿಷ ಓಡುವಷ್ಟರಲ್ಲಿ ಮಾತು ಒಂದು ಕಡೆ, ತುಟಿ ಒಂದು ಕಡೆ. ಖಳನಾಯಕ ಕಿಲ್ವಿಷ್ ಬಾಯಿ ಮುಚ್ಚಿದ ಮೇಲೆ ‘ಅಂಧೇರಾ ಕಾಯಮ್ ರಹೇ’ ಕೇಳಿಸೋದು. ಇನ್ನೊಂದು ಕ್ಯಾಪ್ಚರ್ ತಂದೆ, 6,800. ಹಾರ್ಡ್ ಡಿಸ್ಕ್ 3,400. ಒಟ್ಟು 16,600 ರೂಪಾಯಿ.

ಸಮಯದ ಲೆಕ್ಕ ಬೇರೆ. ಮೂರು ಗಂಟೆ ಕ್ಯಾಸೆಟ್‌ಗೆ ಮೂರು ಗಂಟೆ ಓಡಿಸಲೇಬೇಕು, ಬೇಗ ಮಾಡೋಕೆ ದಾರಿ ಇಲ್ಲ. ನಾಲ್ಕು ತಿಂಗಳ ಭಾನುವಾರಗಳು ಹೋದವು. ಬೂಷ್ಟು ಹಿಡಿದಿದ್ದನ್ನ ತಿಳಿಯದೆ ಹಾಕಿ ಒಂದು ಸಲ ಟೇಪು ಓದುವ ಹೆಡ್ ಹಾಳು ಮಾಡಿಕೊಂಡೆ. ಪರದೆ ತುಂಬ ಹಿಮ ಬಿದ್ದ ಹಾಗೆ ಆಯಿತು. ಅದನ್ನ ಒರೆಸದೆ ಒಳ್ಳೆ ಕ್ಯಾಸೆಟ್ ಹಾಕಿದರೆ ಅದಕ್ಕೂ ಬೂಷ್ಟು ಅಂಟುತ್ತೆ. ಹತ್ತಿ ಕಡ್ಡಿಯಲ್ಲಿ ಹೆಡ್ ಮುಟ್ಟಬೇಡಿ, ನೂಲು ಸಿಕ್ಕಿಕೊಂಡರೆ ಹೆಡ್ ಮುರಿಯುತ್ತೆ. ಇಷ್ಟೆಲ್ಲ ಆದರೂ ಒಂದು ರೂಪಾಯಿಗೂ ನಾನು ಬೇಜಾರು ಮಾಡಿಕೊಂಡಿಲ್ಲ.

ದಾವಣಗೆರೆ ಅಕ್ಕ:
ನಾನು ಅಂಗಡಿಗೇ ಕೊಟ್ಟೆ. ಇವತ್ತಿಗೂ ಹೊಟ್ಟೆ ಉರಿಯುತ್ತೆ. 19 ಕ್ಯಾಸೆಟ್, ತಲಾ 400, ಪೆನ್‌ಡ್ರೈವ್‌ಗೆ 500, ಒಟ್ಟು 8,100. ಆರು ವಾರ ಆಯಿತು, ಒಂಬತ್ತು ಸಲ ಫೋನ್ ಮಾಡಿದೆ. ಮನೆಗೆ ತಂದು ಹಾಕಿ ನೋಡಿದರೆ ಜಾಹೀರಾತು ಎಲ್ಲ ಕತ್ತರಿಸಿ ಎಸೆದಿದ್ದಾರೆ! ‘ಕ್ಲೀನ್ ಮಾಡಿ ಕೊಟ್ಟಿದ್ದೀವಿ ಮೇಡಂ, ಅದಕ್ಕೆ ದುಡ್ಡು ಕೇಳಿಲ್ಲ’ ಅಂದರು. ನನಗೆ ಬೇಕಾಗಿದ್ದೇ ಅದು. ಪಾರ್ಲೆ-ಜಿ ಜಾಹೀರಾತು ಬೇಕಿತ್ತು. ನಮ್ಮಪ್ಪ ರೆಕಾರ್ಡಿಂಗ್ ತಡೆಯೋ ಪಾಸ್ ಗುಂಡಿ ಒತ್ತಿ ಮತ್ತೆ ಬಿಡೋದು ತಡವಾಗಿ ಅರ್ಧ ಸಾಬೂನು, ಅರ್ಧ ಶಕ್ತಿಮಾನ್ ಕಾಣ್ತಿತ್ತಲ್ಲ, ಅದು ಬೇಕಿತ್ತು. ಆ ಕಡೆ ನಮ್ಮಪ್ಪ ನಿಂತಿದ್ದಾರೆ ಅಂತ ಅದರಲ್ಲಿ ಗೊತ್ತಾಗುತ್ತೆ. ಹಳೆ ಕ್ಯಾಸೆಟ್ ವಾಪಸ್ ಕೇಳಿದರೆ ಗುಜರಿಗೆ ಹೋಯಿತು ಅಂದರು. ಕೊಡುವ ಮೊದಲೇ ಕ್ಯಾಸೆಟ್ ವಾಪಸ್ ಬೇಕು ಅಂತ ಬರೆಸಿಕೊಳ್ಳಿ.

ಶಿರಸಿ ಭಟ್ಟ:
ಸುಮ್ನೆ ದುಡ್ಡು ಹಾಳು. ಶಕ್ತಿಮಾನ್ ಪಾತ್ರ ಮಾಡಿದ ಮುಖೇಶ್ ಖನ್ನಾ ಅವರದೇ ಭೀಷ್ಮ ಇಂಟರ್‌ನ್ಯಾಷನಲ್ ಯೂಟ್ಯೂಬ್ ಚಾನೆಲ್‌ನಲ್ಲಿ ಕಂತುಗಳು ಬಿಟ್ಟಿ ಸಿಗುತ್ತವೆ. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ಹೊತ್ತಲ್ಲಿ, ದೂರದರ್ಶನವೇ ಮತ್ತೆ ಹಾಕಿತು. ಮನೆಯವರೆಲ್ಲ ಕೂತು ನೋಡಿದೆವು. ಚಿತ್ರ ಚೆನ್ನಾಗಿತ್ತು. ನನ್ನ ಹತ್ತಿರ 30 ಕ್ಯಾಸೆಟ್ ಇದ್ದವು. 2011ರಲ್ಲಿ ಮನೆ ಬದಲಿಸುವಾಗ ಕೆಜಿ ಲೆಕ್ಕದಲ್ಲಿ ಗುಜರಿಗೆ ಹಾಕಿದೆ. 40 ರೂಪಾಯಿ ಬಂತು. ಒಂದು ದಿನವೂ ಬೇಕು ಅನಿಸಿಲ್ಲ.

ತುಮಕೂರು ಟೇಪು:
ಬೇಕು ಅನಿಸದಿದ್ದರೆ 40 ರೂಪಾಯಿ ಅಂತ ಇಷ್ಟು ವರ್ಷ ಆದಮೇಲೂ ಹೇಗೆ ನೆನಪಿದೆ ಭಟ್ಟರೇ?

ಶಿರಸಿ ಭಟ್ಟ:
ನೆನಪಿದ್ದರೆ ಬೇಜಾರು ಅಂತ ಅರ್ಥವಾ? 16,600 ಸುರಿದವರು ಎಲ್ಲರೂ ಹಾಗೇ ಸುರಿಯಲಿ ಅಂತಾರೆ. ನಮಗೆ ಮನೆ ಸಾಲ ಇತ್ತು ಸ್ವಾಮಿ.

ಹುಬ್ಬಳ್ಳಿ ಹುಡುಗ:
ನಂದು ಯಾರಿಗೂ ಹೇಳದ ಸಂಗತಿ. ಭಾನುವಾರ ಹನ್ನೆರಡು ಗಂಟೆ. ಮನೆಯಲ್ಲಿ ಖಾಲಿ ಕ್ಯಾಸೆಟ್ ಇರಲಿಲ್ಲ. ದುಷ್ಟ ವಿಜ್ಞಾನಿ ಡಾಕ್ಟರ್ ಜಾಕಾಲ್ ‘ಪವರ್’ ಅಂತ ಕೂಗುವ ಕಂತು, ಬಿಡೋಕೆ ಆಗಲಿಲ್ಲ. ಬೀರುವಿನಲ್ಲಿ ಅಕ್ಕನ ಮದುವೆ ಕ್ಯಾಸೆಟ್ ಇತ್ತು. ಯಾರೂ ಅಳಿಸಬಾರದು ಅಂತ ಅದರ ಬೆನ್ನಿನ ಪ್ಲಾಸ್ಟಿಕ್ ಹಲ್ಲು ಮುರಿದಿದ್ದರು. ಅದು ಮುರಿದಿದ್ದರೆ ರೆಕಾರ್ಡ್ ಆಗಲ್ಲ. ನಾನು ಆ ಕಿಂಡಿಗೆ ಸೆಲ್ಲೋಟೇಪ್ ಎರಡು ಸುತ್ತು ಅಂಟಿಸಿ ರೆಕಾರ್ಡ್ ಒತ್ತಿದೆ. ಆಗ ಹತ್ತು ವರ್ಷ.

ಮೂರು ವರ್ಷದ ಹಿಂದೆ 500 ರೂಪಾಯಿ ಕೊಟ್ಟು ಡಿಜಿಟಲ್ ಮಾಡಿಸಿದೆ. ಶಕ್ತಿಮಾನ್ ಕೈ ಮೇಲೆತ್ತಿ ಗರಗರ ತಿರುಗುತ್ತಾನೆ, ಕಂತು ಮುಗಿಯುತ್ತೆ, ಒಂದು ಕ್ಷಣ ಗೆರೆಗೆರೆ. ಆಮೇಲೆ ಅಕ್ಕ ತವರು ಬಿಟ್ಟು ಹೊರಡೋದು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಾರೆ. ತಾಳಿ ಕಟ್ಟಿದ್ದು, ಅಕ್ಷತೆ, ಅಜ್ಜಿ, ಎಲ್ಲ ಶಕ್ತಿಮಾನ್ ಅಡಿಗೆ ಹೋಗಿದೆ. ಅಜ್ಜಿ ಇದ್ದ ವಿಡಿಯೊ ಅದೊಂದೇ. ಅಂಗಡಿಯವರನ್ನ ಕೇಳಿದೆ, ಒಂದು ಸಲ ಅಳಿಸಿದ ಮೇಲೆ ಬರಲ್ಲ ಅಂದರು. ಅಕ್ಕನಿಗೆ ಇನ್ನೂ ಹೇಳಿಲ್ಲ.

ದಾವಣಗೆರೆ ಅಕ್ಕ:
ಹೇಳಿಬಿಡು ತಮ್ಮಾ. ಆ ಕೊನೆಯ ಭಾಗವಾದರೂ ಅವಳು ನೋಡಲಿ.

ಮೈಸೂರು ಟೀಚರ್:
ಕ್ಯಾಸೆಟ್ ಮಾತು ಬಿಡಿ, ಏಳು ವರ್ಷದ ಮಗುವಿಗೆ ತೋರಿಸೋದು ಯೋಚನೆ ಮಾಡಿ. ಮಕ್ಕಳು ಬೆಂಕಿ ಹಚ್ಚಿಕೊಂಡರು, ಮೇಲಿಂದ ಹಾರಿದರು, ಶಕ್ತಿಮಾನ್ ಬಂದು ಕಾಪಾಡ್ತಾನೆ ಅಂತ ನಂಬಿದ್ದರು, ಹೀಗೆ ಆಗ ಪತ್ರಿಕೆಗಳಲ್ಲಿ ಬಂದಿತ್ತು. ಹೀಗೆಲ್ಲ ಮಾಡಬೇಡಿ ಅಂತ ಮುಖೇಶ್ ಖನ್ನಾ ಅವರೇ ಧಾರಾವಾಹಿಯಲ್ಲಿ ಮಕ್ಕಳಿಗೆ ಹೇಳಬೇಕಾಯಿತು. ನನ್ನ ತಮ್ಮ ಕೆಂಪು ಟವೆಲ್ ಕಟ್ಟಿಕೊಂಡು ದನದ ಕೊಟ್ಟಿಗೆ ಮಾಡಿನಿಂದ ಹಾರಿದ. ಎಡಗೈ ಎರಡು ಕಡೆ ಮುರಿಯಿತು. ಆಸ್ಪತ್ರೆಗೆ 3,200, ಬಸ್ಸಿಗೆ ಬೇರೆ. ಮೊದಲು ಹಾಕಿದ ಕಟ್ಟು ಸೊಟ್ಟ ಕೂತು ಮತ್ತೆ ಬಿಚ್ಚಿ ಹಾಕಿದರು. ಈಗಲೂ ಆ ಕೈ ಪೂರ್ತಿ ನೆಟ್ಟಗಾಗಲ್ಲ.

ಶಿರಸಿ ಭಟ್ಟ:
ಅದಕ್ಕೆ ಧಾರಾವಾಹಿ ಏನು ಮಾಡುತ್ತೆ ಮೇಡಂ? ನಾವೂ ನೋಡಿದೆವು, ನಾವು ಹಾರಲಿಲ್ಲ. ‘ಸಾರಿ ಶಕ್ತಿಮಾನ್’ ಭಾಗದಲ್ಲಿ ಹಲ್ಲುಜ್ಜೋದರಿಂದ ಹಿಡಿದು ಸುಳ್ಳು ಹೇಳಬಾರದು ಅನ್ನೋವರೆಗೆ ಎಲ್ಲ ಹೇಳಿಕೊಟ್ಟರು.

ಮೈಸೂರು ಟೀಚರ್:
ನಿಮ್ಮ ಮನೆಯಲ್ಲಿ ಕೈ ಮುರಿದಿಲ್ಲ, ಅದಕ್ಕೆ ಮಾತು ಸಲೀಸು. ರಾತ್ರಿ ಎಲ್ಲ ಅವನ ಪಕ್ಕ ಕೂತಿದ್ದವಳು ನಾನು.

ಬಳ್ಳಾರಿ ಬಿಸಿಲು:
ನನಗೆ ಹಿಂದಿ ಬಂದಿದ್ದೇ ಶಕ್ತಿಮಾನ್‌ನಿಂದ. ನಮ್ಮ ಬೀದಿಯಲ್ಲಿ ಒಂದೇ ಕಲರ್ ಟಿವಿ, ಹದಿನೈದು ಮಕ್ಕಳು. ಶಕ್ತಿಮಾನ್‌ನ ಮಾರುವೇಷದ ಗಂಗಾಧರ ದಪ್ಪ ಕನ್ನಡಕ ಹಾಕಿಕೊಂಡು ಪೂರ್ತಿ ಹೆಸರು ಹೇಳಿದರೆ ನಾವೂ ಜೊತೆಗೆ ಹೇಳ್ತಿದ್ದೆವು: ಪಂಡಿತ್ ಗಂಗಾಧರ್ ವಿದ್ಯಾಧರ್ ಮಾಯಾಧರ್ ಓಂಕಾರನಾಥ್ ಶಾಸ್ತ್ರಿ. ಕೆಲಸ ಸಿಕ್ಕಿ ಪುಣೆಗೆ ಹೋದಾಗ ಆ ಹಿಂದಿಯೇ ಅನ್ನ ಹಾಕಿತು.

ಕೋಲಾರದವನು:
ಇದನ್ನ ಹೆಮ್ಮೆಯಿಂದ ಹೇಳ್ತೀರಲ್ಲ! ನನಗೆ ಅರ್ಧ ಕಥೆ ಅರ್ಥ ಆಗ್ತಿರಲಿಲ್ಲ. ಧಾರಾವಾಹಿಯ ಮಹಾಗುರು ‘ಕುಂಡಲಿನಿ, ಏಳು ಚಕ್ರ’ ಅಂತ ಹೇಳುವಾಗ ಅಣ್ಣ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳಬೇಕಿತ್ತು. ಅವನಿಗೂ ಗೊತ್ತಿಲ್ಲದ ಕಡೆ ಕಟ್ಟಿ ಹೇಳ್ತಿದ್ದ. ನಮ್ಮ ಮಕ್ಕಳಿಗೆ ನಮ್ಮ ಭಾಷೆಯಲ್ಲಿ ಯಾಕೆ ಸಿಗಲಿಲ್ಲ ಅಂತ ಕೇಳಬೇಕಾ ಬೇಡವಾ?

ಬಳ್ಳಾರಿ ಬಿಸಿಲು:
ಕೇಳಿ ಅಣ್ಣ, ಬೇಡ ಅಂದವರು ಯಾರು? ನಾನು ಕನ್ನಡ ಬಿಟ್ಟೆ ಅಂದೆನಾ? ನನ್ನ ಹೊಟ್ಟೆಪಾಡಿನ ಮಾತು ಹೇಳಿದೆ.

ಕೋಲಾರದವನು:
ಹೊಟ್ಟೆಪಾಡಿಗೆ ನಮ್ಮ ಊರಲ್ಲೇ ನಮ್ಮ ಭಾಷೆ ಸಾಕಾಗಬೇಕು. ಅದಕ್ಕೇ ಈ ಸಿಟ್ಟು.

ತುಮಕೂರು ಟೇಪು:
ಇಬ್ಬರೂ ಬೇರೆ ಕಡೆ ಮಾತಾಡಿ, ಪಾಪ ಅವರು ಕ್ಯಾಸೆಟ್ ಕೇಳ್ತಿದ್ದಾರೆ. ಭಟ್ಟರೇ, ಇನ್ನೊಂದು ಮಾತು. ನನ್ನ ಮೂರು ಕ್ಯಾಸೆಟ್‌ನಲ್ಲಿ ಶನಿವಾರದ ಕಂತುಗಳಿವೆ. ಮೊದಲು ಶನಿವಾರವೇ ಬರ್ತಿತ್ತು. ಮಾರ್ನಿಂಗ್ ಕ್ಲಾಸ್ ಬಿಟ್ಟ ತಕ್ಷಣ ಚೀಲ ತಲೆ ಮೇಲಿಟ್ಟು ಓಡ್ತಿದ್ದೆವು. ಆ ಕಂತುಗಳಲ್ಲಿ ಪತ್ರಕರ್ತೆ ಗೀತಾ ವಿಶ್ವಾಸ್ ಆಗಿ ಕಿಟ್ಟು ಗಿದ್ವಾನಿ ಇದ್ದಾರೆ. ಗೀತಾ ಅಂದರೆ ನನಗೆ ಅವರೇ.

ದಾವಣಗೆರೆ ಅಕ್ಕ:
ಗೀತಾ ಅಂದರೆ ವೈಷ್ಣವಿ ಮಹಂತ್. ಇದರಲ್ಲಿ ಚರ್ಚೆಯೇ ಇಲ್ಲ. ವರ್ಷಗಟ್ಟಲೆ ಆ ಪಾತ್ರ ಹೊತ್ತವರು ಅವರು.

ತುಮಕೂರು ಟೇಪು:
ಜಾಸ್ತಿ ದಿನ ಇದ್ದರೆ ಒಳ್ಳೆಯವರು ಅಂತ ಆಗಲ್ಲ ಅಕ್ಕ.

ಹಾಸನದ ಮಗಳು:
ಎಲ್ಲರಿಗೂ ವಂದನೆ. ಹುಬ್ಬಳ್ಳಿಯವರ ಮಾತು ಓದಿ ಅಟ್ಟದ ಪೆಟ್ಟಿಗೆ ಮತ್ತೆ ಇಳಿಸಿ ಒಂದೊಂದೇ ತಿರುಗಿಸಿ ನೋಡಿದೆ. ಒಂಬತ್ತನೇ ಕ್ಯಾಸೆಟ್ ಹಲ್ಲು ಮುರಿದಿದೆ, ಕಿಂಡಿಗೆ ಹಳದಿ ಬಣ್ಣಕ್ಕೆ ತಿರುಗಿದ ಸೆಲ್ಲೋಟೇಪ್ ಇದೆ. ಅಪ್ಪ ‘ಶಕ್ತಿಮಾನ್ 9’ ಅಂತ ಬರೆದ ಚೀಟಿಯ ಅಡಿ ಇನ್ನೊಂದು ಚೀಟಿ ಇದೆ. ಬೆಳಕಿಗೆ ಹಿಡಿದರೆ ‘ನಾಮಕರಣ’ ಅನ್ನೋ ಹಾಗೆ ಕಾಣುತ್ತೆ. ತಮ್ಮನದು ಇರಬೇಕು. ಬೂಷ್ಟು ಹಿಡಿದ ಮೂರರಲ್ಲಿ ಇದೂ ಒಂದು.

ತುಮಕೂರು ಟೇಪು:
ಅದನ್ನ ಯಾವ ಮಷೀನಿಗೂ ಹಾಕಬೇಡಿ, ರಿವೈಂಡ್ ಕೂಡ ಬೇಡ. ಹಿಂದೆ ಐದು ತಿರುಪು ಇರುತ್ತೆ, ಬಿಚ್ಚಿ ಟೇಪನ್ನ ಪೂರ್ತಿ ಒರೆಸಿ ಬೇರೆ ಖಾಲಿ ಡಬ್ಬಿಗೆ ಹಾಕಬೇಕು. ಗೊತ್ತಿರುವವರೇ ಮಾಡಲಿ. ಆಮೇಲೆ ಒಂದು ಮಾತು ಮುಖ್ಯ. ಕಂತು ಮುಗಿದು ಪರದೆ ನೀಲಿ ಆಗುತ್ತೆ. ಅಂಗಡಿಯವರು ಅಲ್ಲಿಗೆ ನಿಲ್ಲಿಸ್ತಾರೆ. ನಿಲ್ಲಿಸಬೇಡಿ, ಟೇಪು ಮುಗಿಯುವವರೆಗೂ ಓಡಿಸಿ ಅಂತ ಹೇಳಿ. ಸಾಧ್ಯ ಆದರೆ ಪಕ್ಕದಲ್ಲೇ ಕೂತಿರಿ.