ದಿನಕ್ಕೆ ಎರಡು ಲಿಸನಿಂಗ್ ಪೇಪರ್ ಮಾಡಿದರೆ ಕಿವಿ ಪಳಗುತ್ತಾ?

ಶೈಲಾ, ಹಾಂಗ್‌ಝೌ

ಎಲ್ಲರಿಗೂ ನಮಸ್ಕಾರ. ಯಜಮಾನರ ಕೆಲಸದಿಂದಾಗಿ ನಾಲ್ಕು ವರ್ಷದಿಂದ ಚೀನಾದ ಹಾಂಗ್‌ಝೌದಲ್ಲಿದ್ದೇನೆ. ನಮ್ಮ ಮೇಲಿನ ಮನೆಯ ಹುಡುಗಿ ಈ ಸಲ ಗಾವ್‌ಕಾವ್ ಬರೆಯುತ್ತಾಳೆ. ಅದು ಇಲ್ಲಿನ ಕಾಲೇಜು ಪ್ರವೇಶ ಪರೀಕ್ಷೆ. ಶನಿವಾರ ಒಂದು ಗಂಟೆ ನನ್ನ ಹತ್ತಿರ ಇಂಗ್ಲಿಷ್‌ಗೆ ಕೂರುತ್ತಾಳೆ. ಅವಳ ಅಮ್ಮ ನನ್ನ ಮಗನಿಗೆ ಚೀನೀ ಅಕ್ಷರ ತಿದ್ದಿಸುತ್ತಾರೆ.

ಸಮಸ್ಯೆ ಇದು. ಅವಳು ದಿನಕ್ಕೊಂದು ಲಿಸನಿಂಗ್ ಪೇಪರ್ ಮಾಡುತ್ತಾಳೆ, ಅಂದರೆ ಇಂಗ್ಲಿಷ್ ಮಾತು ಕೇಳಿ ಉತ್ತರ ಗುರುತು ಹಾಕುವ ಪತ್ರಿಕೆ. 20 ಪ್ರಶ್ನೆ, ಒಂದಕ್ಕೆ ಒಂದೂವರೆ ಅಂಕ, ಒಟ್ಟು 30. ಎರಡು ತಿಂಗಳಿಂದ 24ರಲ್ಲೇ ನಿಂತುಬಿಟ್ಟಿದೆ. ಅಮ್ಮ ಹೇಳುತ್ತಾರೆ, ಇನ್ನು ದಿನಕ್ಕೆ ಎರಡು ಮಾಡು ಅಂತ. ಹುಡುಗಿ ಬೆಳಿಗ್ಗೆ ಏಳಕ್ಕೆ ಮೊದಲು ಮನೆ ಬಿಟ್ಟರೆ ರಾತ್ರಿ ಹತ್ತಾದ ಮೇಲೆ ಬರುತ್ತಾಳೆ. ಎರಡನೇ ಪೇಪರ್ ಎಲ್ಲಿ ತುರುಕುವುದು? ಪೇಪರ್ ನಿಲ್ಲಿಸಿ ಬೇರೆ ಇಂಗ್ಲಿಷ್ ಕೇಳಿಸಲಾ? ನಮ್ಮ ಝೆಜಿಯಾಂಗ್ ಪ್ರಾಂತ್ಯದಲ್ಲಿ ಇಂಗ್ಲಿಷ್ ಪರೀಕ್ಷೆಗೆ ವರ್ಷಕ್ಕೆ ಎರಡು ಅವಕಾಶ, ಜನವರಿ ಮತ್ತು ಜೂನ್. ಜಾಸ್ತಿ ಬಂದದ್ದು ಲೆಕ್ಕಕ್ಕೆ. ಜನವರಿ ಹತ್ತಿರ ಬರುತ್ತಿದೆ.

ಮೇಷ್ಟ್ರು, ಹಾಸನ

ಶೈಲಾ ಅವರೇ, ಮೂವತ್ತು ವರ್ಷ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಟ್ಟವನು ನಾನು. ಆದರೆ ಕೇಳುವ ಪರೀಕ್ಷೆ ಅಂತ ನಡೆಸಿದ ಅನುಭವ ಕಡಿಮೆ. ಆ ಪೇಪರ್ ಹೇಗಿರುತ್ತೆ, ಸ್ವಲ್ಪ ಬಿಡಿಸಿ ಹೇಳಿ.

ಶೈಲಾ, ಹಾಂಗ್‌ಝೌ

ಇಂಗ್ಲಿಷ್ ಪೇಪರ್ 150 ಅಂಕಕ್ಕೆ, ಎರಡು ಗಂಟೆ. ಇಡೀ ಪರೀಕ್ಷೆ 750. ಮೊದಲ ಇಪ್ಪತ್ತು ನಿಮಿಷ ಲಿಸನಿಂಗ್. ಆ ಹೊತ್ತಿಗೆ ಕೇಂದ್ರದ ಸುತ್ತ ಹಾರ್ನ್ ಹೊಡೆಯಬೇಡಿ ಅಂತ ಪೊಲೀಸರು ಹೇಳುತ್ತಾರೆ. ಮೊದಲು ಐದು ಚಿಕ್ಕ ಮಾತುಕತೆ, ಒಂದೇ ಸಲ ಕೇಳಿಸುತ್ತಾರೆ. ಉತ್ತರಕ್ಕೂ ಮುಂದಿನ ಪ್ರಶ್ನೆ ಓದುವುದಕ್ಕೂ ಸೇರಿ ಹತ್ತು ಸೆಕೆಂಡ್. ಆಮೇಲೆ ಉದ್ದದ ಸಂಭಾಷಣೆಗಳು, ಕೊನೆಗೆ ಒಬ್ಬರೇ ಮಾತಾಡುವ ಒಂದು ತುಣುಕು. ಇವನ್ನು ಎರಡೆರಡು ಸಲ ಕೇಳಿಸುತ್ತಾರೆ. ಎಲ್ಲ ಪ್ರಶ್ನೆಗೂ ಮೂರು ಆಯ್ಕೆ.

ಶುರುವಿನಲ್ಲಿ ಒಂದು ಉದಾಹರಣೆ ಬರುತ್ತೆ. ಅಂಗಿಗೆ ಎಷ್ಟು ಅಂತ ಗಂಡಸು ಕೇಳುತ್ತಾನೆ, ‘ನೈನ್ ಫಿಫ್ಟೀನ್’ ಅಂತ ಹೆಂಗಸು ಹೇಳುತ್ತಾಳೆ. ಉತ್ತರ, 9 ಪೌಂಡ್ 15 ಪೆನ್ಸ್. ವರ್ಷ ವರ್ಷವೂ ಅದೇ ಅಂಗಿ, ಅದೇ ಬೆಲೆ! ಇಲ್ಲಿ ಆ ಅಂಗಿ ಗೊತ್ತಿಲ್ಲದ ಹೈಸ್ಕೂಲ್ ಮಗು ಸಿಗುವುದು ಕಷ್ಟ.

ಆಮೇಲೆ ರೀಡಿಂಗ್. ನಾಲ್ಕು ಪಾಠದ ತುಣುಕಿಗೆ 15 ಪ್ರಶ್ನೆ. ಐದನೆಯದರಲ್ಲಿ ಐದು ವಾಕ್ಯ ಖಾಲಿ ಬಿಟ್ಟು ಕೆಳಗೆ ಏಳು ವಾಕ್ಯ ಕೊಟ್ಟಿರುತ್ತಾರೆ. ಸರಿಯಾದ ಐದನ್ನು ಕೂರಿಸಬೇಕು, ಎರಡು ಮಿಗುತ್ತವೆ. ಒಂದೊಂದಕ್ಕೆ ಎರಡೂವರೆ ಅಂಕ, ಒಟ್ಟು 50.

ವುಹಾನ್ ಡಾಕ್ಟರ್

ನಾನು ವುಹಾನ್‌ನಲ್ಲಿ ಎಂಬಿಬಿಎಸ್ ಓದಿದವನು. ಅಕ್ಕ, ದಯವಿಟ್ಟು ಎರಡನೇ ಪೇಪರ್ ಬೇಡ ಅನ್ನಿ. ಒಂದನ್ನೂ ನಿಲ್ಲಿಸಿ ಅಂತ ನಾನು ಹೇಳುತ್ತೇನೆ.

ನನ್ನ ಚೀನೀ ಸ್ನೇಹಿತನಿಗೆ ಗಾವ್‌ಕಾವ್ ಇಂಗ್ಲಿಷ್‌ನಲ್ಲಿ 130ರ ಮೇಲೆ ಬಂದಿತ್ತು. ಕ್ಯಾಂಟೀನಿನಲ್ಲಿ ನಾನು ಇಂಗ್ಲಿಷ್‌ನಲ್ಲಿ ಊಟ ಆಯ್ತಾ ಅಂತ ಕೇಳಿದರೆ ಫೋನ್ ತೆಗೆದು ಟೈಪ್ ಮಾಡಿ ತೋರಿಸುತ್ತಿದ್ದ. ಅವರೇ ಇದಕ್ಕೆ ‘ಯಾಬ ಇಂಗ್ಯು’ ಅಂತ ಹೆಸರಿಟ್ಟಿದ್ದಾರೆ, ಅಂದರೆ ಮೂಕ ಇಂಗ್ಲಿಷ್. ಪ್ರಶ್ನೆ ಮೇಲೆ ಪ್ರಶ್ನೆ ಬಿಡಿಸುವುದಕ್ಕೆ ‘ಶುವಾ ಥೀ’ ಅಂತಾರೆ. ಮೂರನೇ ಕ್ಲಾಸಿನಿಂದ ಇಂಗ್ಲಿಷ್ ಕಲಿತು ಎದುರಿನವನ ಮಾತಿಗೆ ಉತ್ತರ ಕೊಡಲಾಗದಿದ್ದರೆ ಏನು ಬಂತು? ಸಿನಿಮಾ ತೋರಿಸಿ. ಪಾಡ್‌ಕಾಸ್ಟ್ ಕೇಳಿಸಿ. ನೀವೇ ಅವಳ ಜೊತೆ ಮಾತಾಡಿ.

ಕಿರಣ, ಶೆನ್‌ಝೆನ್

ಡಾಕ್ಟರೇ, ನಿಮ್ಮ ಮಾತು ಒಪ್ಪೋದು ಕಷ್ಟ. ನಾನೂ ಇಲ್ಲೇ ಹತ್ತು ವರ್ಷದಿಂದ ಇದ್ದೇನೆ. ಆ ಹುಡುಗಿಗೆ ಈಗ ಬೇಕಿರುವುದು ನಿಮ್ಮ ಜೊತೆ ಹರಟೆ ಹೊಡೆಯುವುದಲ್ಲ, ಕಾಲೇಜಿಗೆ ಸೀಟು. 2024ರಲ್ಲಿ ಗಾವ್‌ಕಾವ್‌ಗೆ ಹೆಸರು ಕೊಟ್ಟವರು ಒಂದು ಕೋಟಿ ಮೂವತ್ತನಾಲ್ಕು ಲಕ್ಷ ಮಂದಿ. ಒಂದು ಅಂಕ ಹೆಚ್ಚಾದರೆ ಸಾವಿರ ಜನರನ್ನು ಹಿಂದೆ ಹಾಕಿದ ಹಾಗೆ ಅಂತ ಇಲ್ಲಿ ಘೋಷಣೆಯೇ ಇದೆ.

ಅಕ್ಕನ ಝೆಜಿಯಾಂಗ್‌ನದ್ದೇ ಕತೆ ಕೇಳಿ. 2018ರ ನವೆಂಬರ್‌ನ ಇಂಗ್ಲಿಷ್ ಪರೀಕ್ಷೆ ಕಷ್ಟವಾಯಿತು ಅಂತ ರೀಡಿಂಗ್ ಮತ್ತು ಪದ ತುಂಬುವ ಭಾಗದ ಕೆಲವು ಪ್ರಶ್ನೆಗಳ ಅಂಕವನ್ನು ಅಧಿಕಾರಿಗಳು ಹೆಚ್ಚುಕಡಿಮೆ ಮಾಡಿದರು. ಅಪ್ಪ ಅಮ್ಮಂದಿರು ರೊಚ್ಚಿಗೆದ್ದರು. ತನಿಖೆಯಾಯಿತು, ಅಸಲಿ ಅಂಕವನ್ನೇ ವಾಪಸ್ ಕೊಟ್ಟರು, ಪ್ರಾಂತ್ಯದ ಶಿಕ್ಷಣ ಇಲಾಖೆಯ ಮುಖ್ಯಸ್ಥರ ಕುರ್ಚಿಯೇ ಹೋಯಿತು. ಒಂದೆರಡು ಅಂಕ ಅಂದರೆ ಇಲ್ಲಿ ಅಷ್ಟು ಬೆಲೆ. ಇಂಥ ಕಡೆ ಸಿನಿಮಾ ನೋಡು ಅಂತ ಹೇಳುವುದು ಸುಲಭ.

ಇನ್ನೊಂದು ಮಾತು. ಶಾಂಘೈ, ಬೀಜಿಂಗ್ ಮಕ್ಕಳಿಗೆ ವಿದೇಶಿ ಟೀಚರ್ ಸಿಗುತ್ತಾರೆ, ಬೇಸಿಗೆ ರಜೆಗೆ ಲಂಡನ್ ಇದೆ. ಯುನ್ನಾನ್ ಬೆಟ್ಟದ ಹುಡುಗನಿಗೆ ಏನಿದೆ? ಅಲ್ಲಿನ ಎಷ್ಟೋ ಶಾಲೆಗಳಲ್ಲಿ ಚೆಂಗ್ಡುವಿನ ಏಳನೇ ನಂಬರ್ ಶಾಲೆಯ ಕ್ಲಾಸನ್ನು ಪರದೆ ಮೇಲೆ ನೇರವಾಗಿ ನೋಡಿಯೇ ಮಕ್ಕಳು ಕಲಿತಿದ್ದಾರೆ. ಹಳೇ ಪ್ರಶ್ನೆಪತ್ರಿಕೆ ಮಾತ್ರ ಅವನ ಕೈಗೂ ಸಿಗುತ್ತೆ. ಅದನ್ನೇ ಕೀಳಾಗಿ ನೋಡಬೇಡಿ.

ವುಹಾನ್ ಡಾಕ್ಟರ್

ಬೆಟ್ಟದ ಹುಡುಗನ ಮಾತು ತೆಗೆದಿರಿ, ಅದಕ್ಕೆ ನಾನು ತಲೆಬಾಗುತ್ತೇನೆ. ಆದರೆ ಪೇಪರ್ ಕಲಿಸುವುದು ಕೇಳುವುದನ್ನಲ್ಲ, ಆಯ್ಕೆ ಮಾಡುವುದನ್ನು. ಪ್ರಶ್ನೆ ಮೊದಲೇ ಓದು, ಮುಖ್ಯ ಪದಕ್ಕೆ ಗೆರೆ ಹಾಕು, ಆ ಪದ ಬರುವ ತನಕ ಕಾಯು. ರೀಡಿಂಗ್‌ನಲ್ಲೂ ಇದೇ. ಪೂರ್ತಿ ಓದುವುದೇ ಇಲ್ಲ, ಪ್ರಶ್ನೆಯಲ್ಲಿನ ಪದವನ್ನು ಹುಡುಕಿಕೊಂಡು ಓಡುತ್ತಾರೆ. ನನ್ನ ರೋಗಿ ಎದುರಿಗೆ ಕೂತು ಎ, ಬಿ, ಸಿ ಅಂತ ಆಯ್ಕೆ ಕೊಡಲ್ಲ.

ಕಿರಣ, ಶೆನ್‌ಝೆನ್

ರೈಲ್ವೆ ಸ್ಟೇಷನ್‌ನಲ್ಲಿ ನೀವು ಎಲ್ಲ ಅನೌನ್ಸ್‌ಮೆಂಟ್ ಕೇಳ್ತೀರಾ? ನಿಮ್ಮ ಗಾಡಿ ಯಾವ ಪ್ಲಾಟ್‌ಫಾರ್ಮ್ ಅನ್ನೋದಕ್ಕೆ ಮಾತ್ರ ಕಿವಿ ಕೊಡ್ತೀರಿ. ಬೇಕಾದ್ದನ್ನು ಮೊದಲೇ ತಿಳಿದು ಕೇಳುವುದೂ ಕೇಳುವುದೇ. ಉದ್ದದ ಸಂಭಾಷಣೆಗೆ ಮುಂಚೆ ಪ್ರಶ್ನೆಗೆ ಐದು ಸೆಕೆಂಡ್‌ನಂತೆ ಓದಲು ಸಮಯ ಕೊಡುವುದೇ ಅದಕ್ಕೆ.

ಮಾತಾಡುವ ಪರೀಕ್ಷೆಯೇ ಇಲ್ಲ ಅಂತಲೂ ತಿಳಿಯಬೇಡಿ. ನಮ್ಮ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಕಂಪ್ಯೂಟರ್ ಮುಂದೆ ಕೂತು ಕೇಳಿ ಮಾತಾಡುವುದಕ್ಕೆ 20 ಅಂಕ. ಬೀಜಿಂಗ್‌ನಲ್ಲಿ 2021ರಿಂದ ಕೇಳುವುದು, ಮಾತಾಡುವುದು ಸೇರಿ 50.

ಶಿರಸಿ ಹುಡುಗಿ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಐಇಎಲ್‌ಟಿಎಸ್‌ಗೆ ತಯಾರಾಗುತ್ತಿದ್ದೇನೆ, ವಿದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ. ಅದರ ಲಿಸನಿಂಗ್‌ನಲ್ಲಿ ಎಲ್ಲವೂ ಒಂದೇ ಸಲ, 40 ಪ್ರಶ್ನೆ. ನನ್ನದೂ ಇದೇ ಕತೆ. ಪೇಪರ್ ಮೇಲೆ ಪೇಪರ್ ಮಾಡಿದೆ, ಅಂಕ ಅಲ್ಲಾಡಲಿಲ್ಲ. ಪದ ಗೊತ್ತಿರುತ್ತೆ. ಬರೆದು ತೋರಿಸಿದರೆ ಅಯ್ಯೋ ಇದೇನಾ ಅನಿಸುತ್ತೆ. ಕಿವಿಗೆ ಬಿದ್ದಾಗ ಮಾತ್ರ ಗುರುತೇ ಸಿಗಲ್ಲ. ಇದು ಯಾಕೆ ಅಂತ ಯಾರಾದರೂ ಹೇಳ್ತೀರಾ?

ಮೇಷ್ಟ್ರು, ಹಾಸನ

ತಂಗಿ, ನೀನು ಗಂಟು ಎಲ್ಲಿದೆ ಅಂತ ತೋರಿಸಿಬಿಟ್ಟೆ. ಎರಡು ದಿನದಿಂದ ಇದನ್ನೇ ಯೋಚಿಸುತ್ತಿದ್ದೆ, ಸ್ವಲ್ಪ ಉದ್ದ ಬರೆಯುತ್ತೇನೆ.

ನಮ್ಮ ಕನ್ನಡದ ಪದಗಳು ಸ್ವರದಲ್ಲಿ ಮುಗಿಯುತ್ತವೆ. ಅದಕ್ಕೇ ನಾವು ಬಸ್ಸು, ಕಾರು, ಬ್ಯಾಂಕು ಅನ್ನುತ್ತೇವೆ. ವ್ಯಂಜನದ ತುದಿಗೆ ಒಂದು ಉಕಾರ ಅಂಟಿಸದೆ ನಮಗೆ ಸಮಾಧಾನವಿಲ್ಲ. ಚೀನಾದ ಶಾಲೆಗಳಲ್ಲಿ ಕಲಿಸುವ ಮ್ಯಾಂಡರಿನ್ ಭಾಷೆಯಲ್ಲೂ ಹೀಗೆ ಒಂದು ಕಟ್ಟು ಇದೆ. ಅಲ್ಲಿನ ಮಾತಿನ ತುಣುಕು ಸ್ವರದಲ್ಲಿ ಮುಗಿಯಬೇಕು, ಇಲ್ಲವೇ ‘ನ್’, ‘ಂಗ್’ ತರಹದ ಸದ್ದಿನಲ್ಲಿ. ‘ಟ್’, ‘ಡ್’, ‘ಕ್’, ‘ಸ್’ ತುದಿಯಲ್ಲಿ ಬರುವುದೇ ಇಲ್ಲ. ಇಂಗ್ಲಿಷ್‌ನಲ್ಲೋ ಅರ್ಥವೆಲ್ಲ ತುದಿಯಲ್ಲೇ ಕೂತಿರುತ್ತೆ. ‘ವರ್ಕ್’ಗೂ ‘ವರ್ಕ್ಡ್’ಗೂ ಇರುವ ವ್ಯತ್ಯಾಸ ಕಣ್ಣಿಗೆ ಎದ್ದು ಕಾಣುತ್ತೆ, ಕಿವಿಗೆ ಒಂದು ಸಣ್ಣ ತಟ್ಟು ಅಷ್ಟೇ. ‘ಕ್ಯಾನ್’ ಮತ್ತು ‘ಕಾಂಟ್’ ಹೇಳುವವರು ಅಮೆರಿಕದವರಾದರೆ ಇನ್ನೂ ಕಷ್ಟ, ಸ್ವರವೂ ಹೆಚ್ಚುಕಡಿಮೆ ಒಂದೇ. ಆ ತಟ್ಟು ತಪ್ಪಿತೋ, ಬರಲಾರೆ ಅಂದದ್ದು ಬರಬಲ್ಲೆ ಆಗುತ್ತೆ.

ಆಮೇಲೆ ಆ ಅಂಗಿ. ‘ಫಿಫ್ಟೀನ್’, ‘ಫಿಫ್ಟಿ’ ನಡುವೆ ಒತ್ತು ಎಲ್ಲಿ ಬೀಳುತ್ತೆ ಅನ್ನೋದೇ ಮುಖ್ಯ. ಕನ್ನಡದಲ್ಲಿ ಒತ್ತಿನಿಂದ ಅರ್ಥ ಬದಲಾಗುವುದಿಲ್ಲ, ಹಾಗಾಗಿ ನಮ್ಮ ಕಿವಿ ಅದನ್ನು ಹುಡುಕುವುದೇ ಇಲ್ಲ. ನನ್ನ ಮಕ್ಕಳು ಈ ಎರಡನ್ನು ಅದಲು ಬದಲು ಮಾಡದ ವರ್ಷವೇ ಇರಲಿಲ್ಲ.

ಈಗ ಶೈಲಾ ಅವರ 24ಕ್ಕೆ ಬರೋಣ. ಮೂರು ಆಯ್ಕೆ ಇದ್ದರೆ ಕಣ್ಣು ಮುಚ್ಚಿ ಗುರುತು ಹಾಕಿದರೂ ಮೂರರಲ್ಲಿ ಒಂದು ಸರಿ ಬೀಳಬಹುದು. 16 ಸರಿ ಬಂದಿದೆ ಅಂದರೆ ಹುಡುಗಿಗೆ 16 ಕೇಳಿಸಿದೆ ಅಂತಲ್ಲ. ಹದಿನಾಲ್ಕು ಕೇಳಿಸಿ, ಆರು ಊಹಿಸಿ, ಅದರಲ್ಲಿ ಎರಡು ಹೊಂದಿಕೊಂಡಿರಬಹುದು. ತಪ್ಪಾದ ನಾಲ್ಕನ್ನು ಮಾತ್ರ ತಿದ್ದಿದರೆ ಆ ಎರಡು ಹಾಗೇ ಉಳಿದವು, ಅಲ್ವಾ? ನಾಳೆ ಪೇಪರ್ ಮಾಡುವಾಗ ಊಹಿಸಿದ ಪ್ರಶ್ನೆ ಪಕ್ಕ ಒಂದು ಚುಕ್ಕಿ ಇಡಲು ಹೇಳಿ. ಉತ್ತರ ನೋಡಿದ ಮೇಲೆ ಅಲ್ಲ, ಆ ಕ್ಷಣದಲ್ಲೇ.

ಪೇಪರ್ ನಿಲ್ಲಿಸಬೇಡಿ. ಒಂದು ಪೇಪರನ್ನು ಮೂರು ದಿನ ಇಟ್ಟುಕೊಳ್ಳಿ. ಮೊದಲ ದಿನ ಪರೀಕ್ಷೆಯ ಹಾಗೆ. ಎರಡನೇ ದಿನ ಚುಕ್ಕಿ ಇಟ್ಟ ಕಡೆ ಆ ಒಂದು ವಾಕ್ಯವನ್ನೇ ತಿರುಗಿ ತಿರುಗಿ ಕೇಳಿ, ಕೇಳಿಸಿದಷ್ಟನ್ನು ಬರೆಯಲಿ. ಕೇಳಿಸದ ಕಡೆ ಜಾಗ ಬಿಡಲಿ. ಆಮೇಲೆ ಮೂಲ ಮಾತಿನ ಜೊತೆ ಇಟ್ಟು ನೋಡಲಿ. ಆ ಖಾಲಿ ಜಾಗವೇ ಪಾಠ. ಮೂರನೇ ದಿನ ಅದೇ ವಾಕ್ಯವನ್ನು ಗಟ್ಟಿಯಾಗಿ ಹೇಳಲಿ. ಬಾಯಿಗೆ ಬಾರದ ಸದ್ದು ಕಿವಿಗೂ ಬೇಗ ಸಿಕ್ಕುವುದಿಲ್ಲ ಅಂತ ನನ್ನ ಅನುಭವ. ಡಾಕ್ಟರ ಬೇಡಿಕೆಯೂ ಇಲ್ಲಿ ಸ್ವಲ್ಪ ಈಡೇರುತ್ತೆ.

ಕಿರಣ, ಶೆನ್‌ಝೆನ್

ಮೇಷ್ಟ್ರೇ, ಚುಕ್ಕಿಯ ಮಾತು ನನಗೆ ಹೊಳೆದೇ ಇರಲಿಲ್ಲ. ಪೇಪರ್ ಬೇಕು ಅಂತ ವಾದಿಸಿದೆ, ಮಾಡಿದ ಮೇಲೆ ಏನು ಮಾಡಬೇಕು ಅಂತ ಹೇಳಲಿಲ್ಲ. ಅದು ನನ್ನ ತಪ್ಪು.

ಸಂಖ್ಯೆಯ ಬಗ್ಗೆ ಒಂದು ಸೇರಿಸುತ್ತೇನೆ. ಚೀನೀಯರ ಎಣಿಕೆ ಹತ್ತು ಸಾವಿರದ ಮೇಲೆ ನಿಂತಿದೆ, ಅದಕ್ಕೆ ‘ವಾನ್’ ಅಂತಾರೆ. ಇಂಗ್ಲಿಷ್‌ನಲ್ಲಿ ‘ಹಂಡ್ರೆಡ್ ಅಂಡ್ ಟ್ವೆಂಟಿ ಥೌಸಂಡ್’ ಅಂದರೆ ಅವರ ತಲೆಯಲ್ಲಿ ಅದು ಹನ್ನೆರಡು ವಾನ್ ಆಗಬೇಕು. ನಮಗೆ ಮಿಲಿಯನ್ ಅಂದ ಕೂಡಲೇ ಹತ್ತು ಲಕ್ಷ ಅಂತ ತಿರುಗಿಸಿಕೊಳ್ಳುವ ಹಾಗೆ. ಅಷ್ಟು ತಿರುಗಿಸುವಷ್ಟರಲ್ಲಿ ಮುಂದಿನ ವಾಕ್ಯ ಹೋಗಿಬಿಟ್ಟಿರುತ್ತೆ. ದೊಡ್ಡ ಸಂಖ್ಯೆಯನ್ನು ತಿರುಗಿಸದೆ ಕೇಳಿಸಿದ ಹಾಗೇ ಅಂಕಿಯಲ್ಲಿ ಗೀಚಿಕೊಳ್ಳಲು ಹೇಳಿ.

ವುಹಾನ್ ಡಾಕ್ಟರ್

ಗಟ್ಟಿಯಾಗಿ ಹೇಳಿಸುವುದಕ್ಕೆ ಮೇಷ್ಟ್ರಿಗೆ ಕೈ ಮುಗಿಯುತ್ತೇನೆ. ನನ್ನ ಸ್ನೇಹಿತನಿಗೆ ಯಾರೂ ಅದನ್ನು ಮಾಡಿಸಿರಲಿಲ್ಲ. ಅವನಿಗೆ ಪದ ಇತ್ತು, ವ್ಯಾಕರಣ ಇತ್ತು, ಬಾಯಿ ತೆರೆಯಲು ನಾಚಿಕೆ. ಆದರೆ ರೀಡಿಂಗ್ ವಿಷಯದಲ್ಲಿ ನಾನು ಬಿಡಲ್ಲ. ಪದ ಹುಡುಕಿಕೊಂಡು ಓಡುವುದು ಓದಲ್ಲ.

ಶೈಲಾ, ಹಾಂಗ್‌ಝೌ

ಡಾಕ್ಟರೇ, ಅದರಲ್ಲಿ ಅರ್ಧ ನಿಜ. ಮೊದಲ ತುಣುಕು ಮಾಮೂಲಾಗಿ ಪ್ರವಾಸ, ಮ್ಯೂಸಿಯಂ ಸಮಯದ ಪಟ್ಟಿ ಇಂಥದ್ದು. ಅಲ್ಲಿ ಹುಡುಕಿ ತೆಗೆದರೆ ಸಾಕು, ಬಸ್ ಟೈಮಿಂಗ್ ಬೋರ್ಡನ್ನು ನಾವೂ ಪೂರ್ತಿ ಓದಲ್ಲ. ಆದರೆ ಲೇಖಕರ ನಿಲುವೇನು, ಯಾವ ಶೀರ್ಷಿಕೆ ಹೊಂದುತ್ತೆ ಅಂತ ಕೇಳಿದಾಗ ಓಡಿದವರು ಬೀಳುತ್ತಾರೆ. ಏಳರಲ್ಲಿ ಐದು ಕೂರಿಸುವುದಂತೂ ಹಿಂದಿನ ವಾಕ್ಯ, ಮುಂದಿನ ವಾಕ್ಯ ಎರಡೂ ಓದದೆ ಆಗುವುದೇ ಇಲ್ಲ. ಇವಳು ಅಲ್ಲಿ ಚೆನ್ನಾಗಿ ಮಾಡುತ್ತಾಳೆ. ಕತೆ ಓದುವ ಹುಚ್ಚು ಇರುವವಳು, ಅದೇ ಕೈ ಹಿಡಿದಿದೆ ಅಂತ ನನಗನಿಸುತ್ತೆ.

ಶೈಲಾ, ಹಾಂಗ್‌ಝೌ (ಮೂರು ವಾರದ ನಂತರ)

ಆಮೇಲೆ ಏನಾಯಿತು ಅಂತ ಹೇಳಲು ಬರೆಯುತ್ತಿದ್ದೇನೆ. ಮೊದಲ ಪೇಪರ್‌ನಲ್ಲೇ ಏಳು ಚುಕ್ಕಿ ಬಿದ್ದವು. ಏಳರಲ್ಲಿ ಮೂರು ಸರಿ ಬಂದು ಅಂಕ ಮಾತ್ರ ಅದೇ 24. ಅಂದರೆ ನಿಜವಾಗಿ ಕೇಳಿಸಿದ್ದು ಹದಿಮೂರೇ. ಅವಳ ಅಮ್ಮ ಆ ಹಾಳೆ ನೋಡಿ ಸುಮ್ನೆ ಕೂತುಬಿಟ್ಟರು. ಎರಡನೇ ಪೇಪರ್ ಮಾತು ಆಮೇಲೆ ಎತ್ತಿಲ್ಲ.

ಏಳರಲ್ಲಿ ಮೂರು ಬೆಲೆ ಮತ್ತು ಸಮಯದ್ದು. ಎರಡು ‘ಕಾಂಟ್’, ‘ಡಿಡಂಟ್’ ತರಹದವು. ಉಳಿದೆರಡಕ್ಕೆ ಪದವೇ ಗೊತ್ತಿರಲಿಲ್ಲ. ಈಗ ಚುಕ್ಕಿ ಐದಕ್ಕೆ ಇಳಿದಿದೆ. ಅಂಕ ಒಂದು ಸಲ 25.5 ಬಂತು, ಮತ್ತೆ 24ಕ್ಕೆ ಬಂತು. ಆದರೂ ಹುಡುಗಿ ಹೆದರಿಲ್ಲ, ಯಾವುದು ಕೇಳಿಸಲ್ಲ ಅಂತ ಈಗ ಅವಳಿಗೇ ಗೊತ್ತು. ಹೋದ ಶನಿವಾರ ಆ ಅಂಗಿಯ ವಾಕ್ಯವನ್ನು ‘ನೈನ್ ಫಿಫ್ಟಿ’, ‘ನೈನ್ಟೀನ್ ಫಿಫ್ಟೀನ್’ ಅಂತ ನಾನು ಬೇರೆ ಬೇರೆ ಬೆಲೆ ಹಾಕಿ ಹೇಳಿದೆ, ಅವಳು ಬರೆದಳು. ಹತ್ತರಲ್ಲಿ ಆರು. ನನ್ನ ಉಚ್ಚಾರದ ತಪ್ಪೂ ಇರಬಹುದು.

ಮೇಷ್ಟ್ರೇ, ನಿಮ್ಮ ಹತ್ತಿರ ಹಳೇ ಪಾಠದ ಪಟ್ಟಿ ಇದ್ದರೆ ಇಂಥ ಜೋಡಿ ಪದಗಳನ್ನು ನಿಮ್ಮ ದನಿಯಲ್ಲೇ ರೆಕಾರ್ಡ್ ಮಾಡಿ ಕಳಿಸ್ತೀರಾ? ಶನಿವಾರದ ಒಳಗೆ ಸಿಕ್ಕರೆ ಒಳ್ಳೇದು.

ಮೇಷ್ಟ್ರು, ಹಾಸನ

ನಾಳೆ ಬೆಳಿಗ್ಗೆ ಕಳಿಸುತ್ತೇನೆ ಅಮ್ಮ. ನಮ್ಮ ಬೀದಿಯಲ್ಲಿ ಗಾಡಿ ಸದ್ದು ಶುರುವಾಗುವ ಮೊದಲೇ ಎದ್ದು ಮಾಡಬೇಕು. ಇಪ್ಪತ್ತು ಜೋಡಿ ಸಾಕಾ?